ಕರಿಬಂಡೆಯ ಫೋಟೋ ಅಮ್ಮ

“ಎಡಕ್ಕೆ, ಇನ್ನೊಂಚೂರು ಎಡಕ್ಕೆ! ಹಾಂ, ಅಲ್ಲೇ ನಿಲ್ಲಿ!” ಸೋದರಮಾವ ಕೆಳಗಿನಿಂದ ಕೂಗಿದ. ಮಹಡಿಯ ಮನೆಯಿಂದ ಸ್ಟುಡಿಯೋಗೆ ಇಳಿಯುವ ಕಿರಿದಾದ ಮೆಟ್ಟಿಲ ತಿರುವಿನಲ್ಲಿ ಶವಪೆಟ್ಟಿಗೆ ಸಿಕ್ಕಿಕೊಂಡಿತ್ತು. ಹೊತ್ತಿದ್ದ ನಾಲ್ವರೂ ಬೆವರಿ ತೊಪ್ಪೆಯಾಗಿದ್ದರು.

“ಜೀವಮಾನವಿಡೀ ಜನಕ್ಕೆ ಎಡಕ್ಕೆ ನಿಲ್ಲಿ, ಬಲಕ್ಕೆ ನಿಲ್ಲಿ ಅಂದವಳು ನಮ್ಮಕ್ಕ. ಈಗ ಅವಳಿಗೇ ಹೇಳೋ ಹಾಗಾಯ್ತು ನೋಡಿ,” ಎಂದ ಅವನು. ಹೊತ್ತವರಲ್ಲೊಬ್ಬ ನಕ್ಕುಬಿಟ್ಟ. ಹಿಂದಿನಿಂದ ಪೆಟ್ಟಿಗೆಗೆ ಕೈ ಆಸರೆ ಕೊಟ್ಟಿದ್ದ ಮಗಳಿಗೂ ನಗು ಬಂತು, ಅದರ ಬೆನ್ನಿಗೇ ಅಳು.

ಮೂವತ್ತೆಂಟು ವರ್ಷ ಕಡಲತೀರದಲ್ಲಿ ಪ್ರವಾಸಿಗರ ಫೋಟೋ ತೆಗೆದವಳು ಅವಳಮ್ಮ. ಊರಿಗೆಲ್ಲ ಫೋಟೋ ಅಮ್ಮ. ಮೊನ್ನೆ ಸಂಜೆಯೂ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ತೀರಕ್ಕೆ ಹೋಗಿಬಂದು, ಉಂಡು ಮಲಗಿದವಳು ಬೆಳಗ್ಗೆ ಏಳಲಿಲ್ಲ.

ಪೆಟ್ಟಿಗೆಯನ್ನು ಸ್ಟುಡಿಯೋದಲ್ಲಿ ಇಳಿಸಿದರು. ಬಂದವರು ಕುರ್ಚಿಗಳಲ್ಲಿ ಕೂತು ಗೋಡೆ ನೋಡತೊಡಗಿದರು. ಗೋಡೆಯ ತುಂಬ ಫೋಟೋಗಳು. ಮುಖಗಳು ನೂರಾರು, ಬೆನ್ನ ಹಿಂದೆ ಮಾತ್ರ ಅದೇ ಒಂದು ಕರಿಬಂಡೆ.

“ನಮ್ಮನೇಲೂ ಇದೇ ಬಂಡೆ ಇದೆ,” ಎಂದಳು ಪಕ್ಕದ ಮನೆಯಾಕೆ.

“ಅಷ್ಟುದ್ದ ತೀರದಲ್ಲಿ ಅಮ್ಮನಿಗೆ ಬೇರೆ ಜಾಗವೇ ಕಾಣಲಿಲ್ಲ,” ಎಂದಳು ಮಗಳು. ಅವಳೂ ಫೋಟೋಗ್ರಾಫರೇ. ಪಟ್ಟಣದಲ್ಲಿ ಹೆಸರು ಮಾಡಿದವಳು.

*

ಕಾಲೇಜಿನಲ್ಲಿ ಫೋಟೋಗ್ರಫಿ ಕಲಿತು ಬಂದ ವರ್ಷ ಇದೇ ಗೋಡೆಯ ಮುಂದೆ ನಿಂತು ಅವಳು ಜಗಳ ತೆಗೆದಿದ್ದಳು.

“ಅಮ್ಮಾ, ಎಲ್ಲರೂ ಕಣ್ಣು ಕಿರಿದು ಮಾಡ್ಕೊಂಡು ನಿಂತಿದಾರೆ. ಬಿಸಿಲು ನೇರ ಮುಖಕ್ಕೇ ಹೊಡೀತಿದೆ. ಬಂಡೆಯಿಂದ ಆಚೆ, ನೀರು ಶಾಂತವಾಗಿದೆಯಲ್ಲ, ಅಲ್ಲಿಗೆ ಕರ್ಕೊಂಡ್ಹೋಗು. ಬೆಳಕು ಬೆಣ್ಣೆ ಥರ ಇದೆ.”

“ನಂಗೆ ಆ ಬಂಡೆನೇ ಸರಿ.”

“ನಿಂಗೆ ಬೆಳಕೇ ಅರ್ಥ ಆಗಲ್ಲ.”

“ಆಗಲ್ಲ ಬಿಡು,” ಎಂದ ಅಮ್ಮ ಲೆನ್ಸ್ ಒರೆಸುತ್ತ ಕೂತಿದ್ದಳು. ಆಮೇಲೆ ತಾನು ತೆಗೆದದ್ದನ್ನು ಮಗಳಿಗೆ ತೋರಿಸಲಿಲ್ಲ. ಮಗಳೂ ಕೇಳಲಿಲ್ಲ.

*

“ಜಾಗ ಕಂಡಿತ್ತಮ್ಮ,” ಎಂದ ಮೂಲೆಯ ಕುರ್ಚಿಯಲ್ಲಿದ್ದ ಮುದುಕ. ತೀರದಲ್ಲಿ ಲೈಫ್‌ಗಾರ್ಡ್ ಆಗಿದ್ದು ನಿವೃತ್ತನಾದವನು. “ಅವಳು ಕ್ಯಾಮೆರಾ ಹಿಡಿದ ಮೊದಲ ವರ್ಷ. ಹೊಸದಾಗಿ ಮದುವೆಯಾದ ಜೋಡಿ. ಆ ಶಾಂತವಾದ ನೀರಲ್ಲೇ ಮೊಣಕಾಲುದ್ದ ನಿಲ್ಲಿಸಿ ತೆಗೆದಳು. ದಡಕ್ಕೆ ಬಂದ ಅಲೆಯೆಲ್ಲ ವಾಪಸ್ ಹೋಗೋ ದಾರಿ ಅದು. ಅದಕ್ಕೇ ಅಲ್ಲಿ ನೊರೆ ಇಲ್ಲ, ಸದ್ದಿಲ್ಲ. ಎಂಥ ಈಜುಗಾರನನ್ನೂ ಎಳ್ಕೊಂಡು ಹೋಗತ್ತೆ. ಫೋಟೋ ತೆಗೆದು ಅವಳು ಹತ್ತು ಹೆಜ್ಜೆ ಬಂದಿದ್ದಳು ಅಷ್ಟೇ. ಹುಡುಗನ್ನ ನಾನು ಎಳ್ಕೊಂಡು ಬಂದೆ. ಹುಡುಗಿ ಸಿಗಲಿಲ್ಲ.”

ಮುದುಕ ಗೋಡೆಯ ಫೋಟೋಗಳತ್ತ ಕೈ ತೋರಿಸಿದ.

“ಮಾರನೇ ದಿನದಿಂದ ಕರಿಬಂಡೆ ಹತ್ರ ಠಿಕಾಣಿ. ಆ ನೀರಿನ ಕಡೆ ಹೋಗೋರನ್ನೆಲ್ಲ, ‘ಬನ್ನಿ ಬನ್ನಿ, ಬೆಳಕು ಈ ಕಡೆ ಚೆನ್ನಾಗಿದೆ’ ಅಂತ ರಟ್ಟೆ ಹಿಡಿದು ಎಳ್ಕೊಂಡು ಬರೋಳು. ಅಪಾಯ ಅಂತ ಬೋರ್ಡ್ ಹಾಕಿದ್ರೆ ಯಾರು ಓದ್ತಾರೆ? ಫೋಟೋ ಅಂದ್ರೆ ಓಡಿ ಬರ್ತಾರೆ. ಮೊಬೈಲ್ ಬಂದಮೇಲೆ ಅವರವರ ಮೊಬೈಲಲ್ಲೇ ಬಿಟ್ಟಿ ತೆಗೆದುಕೊಟ್ಟಳು.”

“ಅಮ್ಮ ಇದನ್ನ ನಂಗ್ಯಾಕೆ ಹೇಳ್ಲಿಲ್ಲ, ಅಜ್ಜಾ?” ಎಂದಳು ಮಗಳು.

“ನಾನೂ ಕೇಳಿದ್ದೆ. ‘ಆಸೆಪಟ್ಟು ಕಲೀತಿರೋ ಮಗು, ಕ್ಯಾಮೆರಾ ಅಂದ್ರೆ ಅದಕ್ಕೂ ಹೆದರಿಕೆ ಹುಟ್ಟಿಸೋದು ಬೇಡ’ ಅಂದಳು.”

ಮಗಳು ಎದ್ದುಹೋಗಿ ಗೋಡೆಯ ಮುಂದೆ ನಿಂತಳು. ಕಣ್ಣು ಕಿರಿದು ಮಾಡಿಕೊಂಡ ಆ ಮುಖಗಳನ್ನು ಒಂದೊಂದಾಗಿ ನೋಡುತ್ತಾ ಹೋದಳು. ಹೊರಡುವ ಹೊತ್ತಾಯಿತೆಂದು ಸೋದರಮಾವ ಎರಡು ಸಲ ಕರೆಯಬೇಕಾಯಿತು.

*

ಸ್ಮಶಾನ ಗುಡ್ಡದ ಮೇಲಿತ್ತು. ಮಣ್ಣು ಹಾಕಿ ತಲೆಯೆತ್ತಿದಾಗ ಮಗಳಿಗೆ ಇಡೀ ತೀರ ಅಂಗೈಯಲ್ಲಿಟ್ಟಂತೆ ಕಂಡಿತು. ನೊರೆಯ ಸಾಲುಗಳನ್ನು ಸೀಳಿಕೊಂಡು ಕಡುನೀಲಿ ನೀರಿನ ಪಟ್ಟಿಯೊಂದು ನೇರ ಕಡಲಿನೊಳಕ್ಕೆ ಹೋಗಿತ್ತು. ಕಣ್ಣು ಕೀಳಲಾಗದಷ್ಟು ಚೆಂದ. ಒಬ್ಬ ಹುಡುಗ, ಒಬ್ಬಳು ಹುಡುಗಿ ಅದರತ್ತಲೇ ನಡೆಯುತ್ತಿದ್ದರು. ತೀರದಲ್ಲಿ ಬೇರೆ ನರಪಿಳ್ಳೆಯಿಲ್ಲ. ಅಂಗಡಿ ಮುಚ್ಚಿ ಎಲ್ಲರೂ ಗುಡ್ಡಕ್ಕೆ ಬಂದಿದ್ದರು.

ಓಡಿ ಇಳಿದರೂ ಹತ್ತು ನಿಮಿಷ ಬೇಕು. “ಏಯ್!” ಎಂದು ಗಂಟಲು ಹರಿಯುವಂತೆ ಕೂಗಿದಳು. ಗಾಳಿ ದನಿಯನ್ನು ಹಿಂದಕ್ಕೆ ತಳ್ಳಿತು. ಅವಳು ಸ್ಮಶಾನದ ಮೋಟುಗೋಡೆ ಹತ್ತಿ ನಿಂತು ಎರಡೂ ಕೈ ಬೀಸಿದಳು.

“ಎಲ್ಲರೂ ಬೀಸಿ! ಈ ಕಡೆ ಕರೀರಿ ಅವರನ್ನ!”

ಸೋದರಮಾವ ಕೊಡೆ ಬಿಚ್ಚಿ ಎತ್ತಿ ಹಿಡಿದ. ಮುದುಕ ಟವೆಲ್ ಬೀಸಿದ. ಹೆಣ ಹೊತ್ತವರು, ಪಕ್ಕದ ಮನೆಯಾಕೆ, ಅಂಗಡಿಯವರು, ಎಲ್ಲರೂ ಗೋಡೆಗುಂಟ ಸಾಲಾಗಿ ನಿಂತು ಕೈ ಬೀಸಿದರು.

ಕೆಳಗಿನವರು ಪಾದ ಮುಳುಗುವಷ್ಟು ನೀರಿನಲ್ಲಿ ನಿಂತರು. ಮೇಲೆ ನೋಡಿದರು. ಹುಡುಗಿ ಕೈಯೆತ್ತಿ ತಾನೂ ಬೀಸಿದಳು.

“ನಿಲ್ಲಿಸಬೇಡಿ,” ಎಂದಳು ಮಗಳು.

ಯಾರೂ ಕೈ ಇಳಿಸಲಿಲ್ಲ. ಆ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಏನೋ ಮಾತಾಡಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು, ನೀರಿಗೆ ಬೆನ್ನು ಹಾಕಿ, ಗುರುತಿಲ್ಲದ ಆ ಜನರ ಕಡೆಗೆ ಗುಡ್ಡ ಹತ್ತತೊಡಗಿದರು.