ಒಂದನೇ ಟೇಬಲ್ಲಿನ ಕುರ್ಚಿ ನಾನು

ನಾನು ಒಂದು ಕುರ್ಚಿ. ನಾಲ್ಕು ಕಾಲು, ಎರಡು ಕೈ, ಒಂದು ಬೆನ್ನು ಕೊಟ್ಟು ಮಾಡಿದವರು ಬಾಯಿಯೊಂದನ್ನು ಕೊಡಲಿಲ್ಲ. ಕೊಟ್ಟಿದ್ದರೆ ಹುಬ್ಬಳ್ಳಿಯ ಆ ಕ್ಲಬ್ಬಿನಲ್ಲಿ ಒಬ್ಬೊಬ್ಬರ ಮುಖಕ್ಕೆ ಹೊಡೆದಂತೆ ಹೇಳಿಬಿಡುತ್ತಿದ್ದೆ. ಅಂದು ಆಗಲಿಲ್ಲ, ಇಂದು ಹೇಳುತ್ತೇನೆ. ನಡುನಡುವೆ ಸಿಟ್ಟಾಗುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನನ್ನು ಮಾಡಿದವರು ಮಾನಪ್ಪ ಬಡಿಗೇರ. ಹುಬ್ಬಳ್ಳಿಯ ಹಳೆ ಪೇಟೆಯಲ್ಲಿ ಅವರ ಅಂಗಡಿ. ತೇಗದ ಮೈ, ಬೆತ್ತದ ಬೆನ್ನು, ಕೂಡಲು ದಪ್ಪನೆಯ ಮೆತ್ತೆ. ಮಾಡಿ ಮುಗಿಸಿದ ಮೇಲೆ ಮಾನಪ್ಪನವರು ಸೊಸೆಯನ್ನು ಕರೆದರು.

"ಗಿರಿಜಾ, ಬಾ ಇಲ್ಲೆ. ಇದರ ಮ್ಯಾಲೆ ಕೂಡು. ಕಾಲು ನೆಲಕ್ಕ ಮುಟ್ಟತಾವೇನು ನೋಡು."

"ಇಲ್ರಿ ಮಾವಾರ, ಜೋತಾಡ್ತಾವ."

"ಹಂಗಾರ ಆಗಂಗಿಲ್ಲ. ಹೆಣ್ಣುಮಕ್ಕಳು ಐದೈದು ತಾಸು ಕೂಡೂದೈತಿ."

ಅಂದವರೇ ನನ್ನ ಕಾಲುಗಳನ್ನು ಕೊಯ್ದು ಗಿಡ್ಡ ಮಾಡಿದರು. ನೋವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಕೂಡುವವರ ಕಾಲನ್ನು ನೋಡಿ ಕುರ್ಚಿ ಮಾಡಿದ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಜೊತೆಗೆ ಇನ್ನೂ ಒಂಬತ್ತು ಕುರ್ಚಿಗಳು ಹುಟ್ಟಿದವು. ಹತ್ತು ಆಟಗಾರ್ತಿಯರಿಗೆ ಹತ್ತು ಕುರ್ಚಿ.

ಚೆಸ್ ಆಡಲು ಹೊಸ ಕುರ್ಚಿ ಯಾಕೆ ಎಂದು ಕೇಳುತ್ತೀರೇನೋ. ಅದೊಂದು ಅಂತರರಾಷ್ಟ್ರೀಯ ಮಹಿಳಾ ಚೆಸ್ ಸರಣಿ. ನಾಲ್ಕು ದೇಶದ ನಾಲ್ಕು ಊರಿನಲ್ಲಿ ಒಂದಾದ ಮೇಲೊಂದು ಪಂದ್ಯಾವಳಿ. ಎಲ್ಲ ಊರಿನ ಅಂಕ ಕೂಡಿಸಿ ಕೊನೆಗೆ ಗೆದ್ದವರು ಯಾರೆಂದು ನೋಡುತ್ತಾರೆ. ಮೂರನೇ ಊರು ನಮ್ಮ ಹುಬ್ಬಳ್ಳಿ. ಸರಣಿ ನಡೆಸುವವರು ಊರಿನವರಿಗೆ ಮೊದಲೇ ಕರಾರು ಹಾಕಿರುತ್ತಾರೆ. ದೀಪ ಎಷ್ಟು ಬೆಳಕು ಕೊಡಬೇಕು, ಸದ್ದು ಎಷ್ಟಿರಬೇಕು, ಕುರ್ಚಿ ಹೇಗಿರಬೇಕು, ಎಲ್ಲ ಅದರಲ್ಲಿದೆ. ಅದಕ್ಕೇ ಕ್ಲಬ್ಬಿನ ಕಾರ್ಯದರ್ಶಿ ಬಾಳಿಕಾಯಿ ಸಾಹೇಬರು ನಮ್ಮನ್ನು ಮಾಡಿಸಿದ್ದು. ಅಷ್ಟೆಲ್ಲ ಓಡಾಡಿದ ಆತಿಥೇಯರಿಗೆ ಒಂದು ಮರ್ಯಾದೆಯೂ ಇರುತ್ತದೆ. ಹತ್ತರಲ್ಲಿ ಒಬ್ಬ ಆಟಗಾರ್ತಿಯನ್ನು ಅವರೇ ಆರಿಸಬಹುದು. ಹಾಗೆ ಬಂದವಳು ಮೊದಲ ಐವರಲ್ಲಿ ನಿಂತರೆ ನಾಲ್ಕನೇ ಊರಿಗೂ ಅವಳಿಗೆ ಕರೆ ಬರುತ್ತದೆ. ಬಾಳಿಕಾಯಿಯವರು ಆರಿಸಿದ್ದು ನೀಲಾಂಬಿಕಾ ಕಮ್ಮಾರ ಎಂಬ ಇಲ್ಲಿಯದೇ ಹುಡುಗಿಯನ್ನು. ಕಾಲೇಜಿಗೆ ಹೋಗುವ, ಮಾತು ಕಡಿಮೆಯ ಹುಡುಗಿ. ಎಲ್ಲರಿಗೂ ನೀಲಾ.

ಕ್ಲಬ್ಬಿಗೆ ನಾವು ಹತ್ತೂ ಕುರ್ಚಿಗಳು ಟೆಂಪೊದಿಂದ ಇಳಿದೆವು. ಬಾಳಿಕಾಯಿಯವರು ನನ್ನ ಕೈಯನ್ನು ಸವರಿ ನೋಡಿ, "ಭಾರೀ ಚಂದ ಆಗ್ಯಾವಲೇ. ಇವನ್ನ ಸ್ಟೇಜಿನ ಮ್ಯಾಲೆ ಹಾಕ್ರಿ, ದೊಡ್ಡೋರು ಬರ್ತಾರ" ಅಂದರು.

"ಮತ್ತ ಆಡೋರಿಗ್ರಿ?" ಅಂದ ನಮ್ಮನ್ನು ಇಳಿಸುತ್ತಿದ್ದ ಹುಡುಗ.

"ಕಲ್ಯಾಣ ಮಂಟಪದಾಗಿನ ಕಬ್ಬಿಣದ ಕುರ್ಚಿ ಅದಾವಲ್ಲ!"

ಥೂ! ಗಿರಿಜಾಳನ್ನು ಕೂರಿಸಿ ಕಾಲು ಕೊಯ್ಯಿಸಿಕೊಂಡಿದ್ದು ಯಾವ ಭಾಗ್ಯಕ್ಕೆ? ಉದ್ಘಾಟನೆಯ ದಿನ ನನ್ನ ಮೇಲೆ ಒಬ್ಬ ಮಹಾಶಯರು ಮೆತ್ತೆಯ ಉಸಿರು ಕಟ್ಟುವಂತೆ ಕೂತರು. ಅವರು ಬರುವವರೆಗೆ ಆಟಗಾರ್ತಿಯರೆಲ್ಲ ಸೆಕೆಯಲ್ಲಿ ಕಾದಿದ್ದರು. ಯಾರು ಯಾರ ಎದುರು ಯಾವಾಗ ಆಡಬೇಕೆಂದು ಚೀಟಿ ಎತ್ತುವುದೂ ಅವರಿಗಾಗಿ ತಡವಾಯಿತು. ಆಮೇಲೆ ಭಾಷಣ. ಹೆಣ್ಣುಮಕ್ಕಳು ಚೆಸ್ ಆಡಿದರೆ ಮನೆಯಲ್ಲಿ ಜಗಳ ಕಡಿಮೆಯಾಗುತ್ತದೆ ಎಂದರು. ಜನ ಚಪ್ಪಾಳೆ ತಟ್ಟಿದರು. ಬಾಳಿಕಾಯಿಯವರು ನೀಲಾಳನ್ನು ಮುಂದೆ ನಿಲ್ಲಿಸಿ, "ನಮ್ಮ ಕೂಸು ಗೆಲ್ಲೂದೇನ್ ಬ್ಯಾಡ್ರಿ, ಊರಿನ ಮಾನ ಉಳಿಸಿದರ ಸಾಕು" ಅಂದರು. ಅವಳು ನೆಲ ನೋಡುತ್ತ ನಿಂತಿದ್ದಳು. ನನಗೆ ಮೈಯೆಲ್ಲ ಉರಿಯಿತು.

ಮರುದಿನ ಮುಖ್ಯ ತೀರ್ಪುಗಾರ್ತಿ ಶರಯೂ ಬಾಯಿ ಬಂದು ಕಬ್ಬಿಣದ ಕುರ್ಚಿಗಳನ್ನು ನೋಡಿದರು. ಪುಣೆಯಲ್ಲಿರುವವರು, ತವರು ಬೆಳಗಾವಿ. ಒಂದರ ಮೇಲೆ ಕೂತರು. ಅವರ ಕಾಲು ನೆಲಕ್ಕೆ ಮುಟ್ಟಲಿಲ್ಲ.

"ಬಾಳಿಕಾಯಿಯವರ, ಇದರ ಮ್ಯಾಲೆ ಐದು ತಾಸು ನೀವ ಕೂತು ತೋರಸ್ರಿ. ಆಮ್ಯಾಲೆ ಆಟ ಶುರು ಮಾಡೂಣು."

"ಅಡ್ಜಸ್ಟ್ ಮಾಡ್ಕೊಳ್ರಿ ಮೇಡಂ."

"ಕರಾರಿನಾಗ ಅಡ್ಜಸ್ಟ್ ಅಂತ ಬರದಿಲ್ರಿ. ಸ್ಟೇಜಿನ ಮ್ಯಾಲಿನ ಕುರ್ಚಿ ಕೆಳಗ ತರಸ್ರಿ."

ತರಿಸಿದರು. ಹೀಗೆ ನಾನು ಒಂದನೇ ಟೇಬಲ್ಲಿಗೆ ಬಂದೆ, ಬಿಳಿ ಕಾಯಿ ಆಡುವವರ ಕಡೆಗೆ. ಆಗ ನನಗೆ ಕುರ್ಚಿಯಾಗಿ ಹುಟ್ಟಿದ್ದು ಸಾರ್ಥಕ ಅನ್ನಿಸಿತು. ದಿನಕ್ಕೊಬ್ಬರು ಬಂದು ಕೂಡುತ್ತಿದ್ದರು. ಒಬ್ಬಳು ಚಪ್ಪಲಿ ಬಿಟ್ಟು ಚಕ್ಕಳಮಕ್ಕಳ ಹಾಕುತ್ತಿದ್ದಳು. ಒಬ್ಬಳು ಯೋಚನೆ ಹತ್ತಿದಾಗ ನನ್ನ ಕೈಯನ್ನು ಉಗುರಿನಿಂದ ಕೆರೆಯುತ್ತಿದ್ದಳು, ಆ ಗೀರು ಇನ್ನೂ ಇದೆ. ಜಾರ್ಜಿಯಾ ದೇಶದ ಕೇತೆವಾನ್ ಎಂಬಾಕೆ ನಡುವಯಸ್ಸಿನವರು. ಎಲ್ಲರೂ ಅವರನ್ನು ಕೇತೋ ಅನ್ನುತ್ತಿದ್ದರು. ಅವರು ಕೂತರೆ ಆಟ ಮುಗಿಯುವವರೆಗೆ ಮಿಸುಕುತ್ತಿರಲಿಲ್ಲ. ನೀಲಾ ಕೂತಾಗ ಮಾತ್ರ ಎರಡೂ ಪಾದಗಳನ್ನು ನೆಲಕ್ಕೆ ಒತ್ತಿಟ್ಟು, ಎಲ್ಲಿ ಜಾರಿ ಬೀಳುವೆನೋ ಎಂಬಂತೆ ನನ್ನ ಕೈಗಳನ್ನು ಹಿಡಿದುಕೊಳ್ಳುತ್ತಿದ್ದಳು.

ಇಷ್ಟೆಲ್ಲ ಇದ್ದೂ ಒಂದು ಮಾತು ಹೇಳಲೇಬೇಕು, ಹೇಳದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ. ಆಟದ ಹಾಲಿಗೆ ಹೊಂದಿಕೊಂಡೇ ಹೆಂಗಸರ ಶೌಚಾಲಯವೊಂದಿತ್ತು. ಅದಕ್ಕೆ ಬಾಳಿಕಾಯಿಯವರು ಬೀಗ ಹಾಕಿಸಿ 'ಗಣ್ಯರಿಗೆ ಮಾತ್ರ' ಎಂದು ಚೀಟಿ ಅಂಟಿಸಿದ್ದರು. ದಿನಕ್ಕೊಬ್ಬ ಅತಿಥಿ ಬಂದು ಮೊದಲ ಕಾಯಿ ನಡೆಸಿ ಫೋಟೋ ತೆಗೆಸಿಕೊಳ್ಳುವ ಪದ್ಧತಿ ಇತ್ತು, ಅವರಿಗಾಗಿ! ಆಡುವ ಹೆಂಗಸರು ಹೊರಗೆ ಹೋಗಿ, ಅಂಗಳ ದಾಟಿ, ಅಡುಗೆಯವರ ಶೆಡ್ಡಿನ ಹಿಂದೆ ಹೋಗಬೇಕು. ಮಹಿಳೆಯರ ಪಂದ್ಯಾವಳಿಯಲ್ಲಿ ಮಹಿಳೆಯರ ಶೌಚಾಲಯಕ್ಕೆ ಬೀಗ! ಶರಯೂ ಬಾಯಿ ಕೇಳಿದಾಗಲೆಲ್ಲ ಬಾಳಿಕಾಯಿಯವರು, "ಇವತ್ತ ತೆಗಸ್ತೀನ್ರಿ ಮೇಡಂ" ಅನ್ನುತ್ತಿದ್ದರು. ಕೊನೆಯ ದಿನದವರೆಗೂ ತೆಗೆಸಲಿಲ್ಲ.

ಕೊನೆಯ ದಿನ ಬಂತು. ಅಷ್ಟು ಹೊತ್ತಿಗೆ ಗೆಲ್ಲುವುದೇ ಬೇಡವೆನ್ನಿಸಿಕೊಂಡ ಹುಡುಗಿ ಐವರ ಸಾಲಿನ ಹತ್ತಿರ ಬಂದಿದ್ದಳು. ಅಂದು ಕೇತೋ ಎದುರು ಡ್ರಾ ಮಾಡಿಕೊಂಡರೂ ಸಾಕು, ನಾಲ್ಕನೇ ಊರಿಗೆ ಹೋಗುತ್ತಾಳೆ. ಕೇತೋ ಗೆದ್ದರೆ ಹುಬ್ಬಳ್ಳಿಯ ಪ್ರಶಸ್ತಿ ಅವರದು. ಅದಕ್ಕೇ ಇಬ್ಬರನ್ನೂ ಒಂದನೇ ಟೇಬಲ್ಲಿಗೆ ಹಾಕಿದ್ದರು. ನೀಲಾಳದು ಬಿಳಿ ಕಾಯಿ, ಅಂದರೆ ಅವಳ ಕುರ್ಚಿ ನಾನು.

ಈ ಆಟದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ತೀರ್ಪುಗಾರರು ಆಟದ ಗಡಿಯಾರ ಶುರು ಮಾಡಿಸುವಾಗ ಆಟಗಾರ್ತಿ ಟೇಬಲ್ಲಿನ ಹತ್ತಿರ ಇಲ್ಲದಿದ್ದರೆ ಆಡದೆಯೇ ಸೋತಂತೆ. ಅಂದು ಆಟ ಮೂರು ಗಂಟೆಗೆ. ನೀಲಾ ಬೇಗನೆ ಬಂದು ಪೆನ್ನು ಇಟ್ಟಳು, ನೀರಿನ ಬಾಟಲಿ ಇಟ್ಟಳು. ಆಮೇಲೆ ಆ ಹಾಳು ಅಡುಗೆಯವರ ಶೆಡ್ಡಿನ ಕಡೆಗೆ ಹೋದಳು. ಹೊತ್ತು ಬೇಕಾದಷ್ಟಿತ್ತು.

ಆದರೆ ಅವಳು ಹೊರಳಿ ಬರುವಷ್ಟರಲ್ಲಿ ಅಂದಿನ ಮುಖ್ಯ ಅತಿಥಿ ಬಂದಿಳಿದಿದ್ದರು. ಬಾಗಿಲ ತುಂಬ ಜನ. ಹಾರ, ಶಾಲು, ಪೇಟ, ಫೋಟೋ. ನೀಲಾ ಒಳಗೆ ನುಗ್ಗಲು ಬಂದರೆ ಎದೆಗೆ ಬ್ಯಾಡ್ಜು ಹಾಕಿಕೊಂಡ ಸ್ವಯಂಸೇವಕನೊಬ್ಬ ಅಡ್ಡ ನಿಂತ.

"ಏ ತಂಗಿ, ಹಿಂದ ಸರಿ. ಫೋಟೋದಾಗ ಬರ್ತಿ."

"ನಾ ಆಡೋಕಿ ಅದೀನ್ರಿ. ಒಳಗ ಬಿಡ್ರಿ."

"ಬಿಡ್ತೀನಿ ತಡೀ. ಸಾಹೇಬ್ರು ಒಳಗ ಹೋಗ್ಲಿ."

ಬಾಗಿಲು ನಮ್ಮ ಟೇಬಲ್ಲಿನಿಂದ ದೂರವೇನಿರಲಿಲ್ಲ. ಅವಳ ದನಿ ನನಗೆ ಕೇಳುತ್ತಿತ್ತು. ಪೇಟಗಳ ನಡುವೆ ಅವಳ ಎತ್ತಿದ ಕೈ ಒಂದು ಕಾಣುತ್ತಿತ್ತು. ಗೋಡೆಯ ಗಡಿಯಾರ ಮೂರಕ್ಕೆ ಬರುತ್ತಿತ್ತು. ನಾನು ಖಾಲಿ. ಕಾಲಿದ್ದೂ ನಡೆಯಲಾರದ ಜನ್ಮ ನನ್ನದು, ನಡೆಯಲು ಬಂದಿದ್ದರೆ ಬಾಗಿಲಿಗೆ ಹೋಗಿ ಆ ಬ್ಯಾಡ್ಜಿನವನ ಮೊಳಕಾಲಿಗೆ ಗುದ್ದುತ್ತಿದ್ದೆ. ಶರಯೂ ಬಾಯಿ ಮೈಕು ಹಿಡಿದರು. ಅವರಿಗೆ ಬಾಗಿಲಲ್ಲಿ ಜನ ಕಂಡರೇ ಹೊರತು ಹುಡುಗಿ ಕಾಣಲಿಲ್ಲ.

ಕೇತೋಗೆ ಕಂಡಿತು. ಆ ಎತ್ತಿದ ಕೈಯನ್ನು ನೋಡಿದರು. ಗೋಡೆಯ ಗಡಿಯಾರ ನೋಡಿದರು. ಸುಮ್ಮನೆ ಕೂತಿದ್ದರೆ ಸಾಕಿತ್ತು, ಪ್ರಶಸ್ತಿ ತಾನಾಗಿ ಮಡಿಲಿಗೆ ಬೀಳುತ್ತಿತ್ತು. ಅವರು ಕುರ್ಚಿ ಹಿಂದೆ ತಳ್ಳಿ ಎದ್ದರು.

ಶರಯೂ ಬಾಯಿ ಇಂಗ್ಲಿಷಿನಲ್ಲಿ, "ಕೂತುಕೊಳ್ಳಿ, ಈಗ ಶುರು ಮಾಡುತ್ತೇನೆ. ಟೇಬಲ್ಲಿನಲ್ಲಿ ಇಲ್ಲದಿದ್ದರೆ ನಿಮಗೂ ಸೊನ್ನೆ" ಅಂದರು.

"ಕೊಡಿ" ಅಂದರು ಕೇತೋ. "ಅವಳು ಅಲ್ಲಿದ್ದಾಳೆ. ಇವರು ಹಿಡಿದು ನಿಲ್ಲಿಸಿದ್ದಾರೆ."

ಹೀಗೆ ಹೇಳಿ ಬಾಗಿಲ ಕಡೆ ನಡೆದೇಬಿಟ್ಟರು. ಎರಡನೇ ಟೇಬಲ್ಲಿನಲ್ಲಿ ಒಂದು ಕುರ್ಚಿ ಕಿರ್ರೆಂದಿತು. ಆಮೇಲೆ ಇನ್ನೊಂದು. ಆಮೇಲೆ ಯಾವುದು ಮೊದಲು ಯಾವುದು ಆಮೇಲೆ ಎಂದು ಹೇಳಲಾಗಲಿಲ್ಲ. ದಿನವೂ ಅಂಗಳ ದಾಟಿ ಹೋಗಿಬಂದ ಹೆಂಗಸರು ಅವರು, ಯಾರಿಗೂ ಏನನ್ನೂ ಬಿಡಿಸಿ ಹೇಳಬೇಕಾಗಲಿಲ್ಲ. ನಾವು ಹತ್ತೂ ಕುರ್ಚಿಗಳು ಖಾಲಿಯಾದೆವು. ಶರಯೂ ಬಾಯಿ ಮೈಕು ಕೆಳಗಿಟ್ಟರು. ಗಡಿಯಾರ ಒತ್ತಿಸಲಿಲ್ಲ.

ಈ ನಡುವೆ ಅತಿಥಿಗಳ ದಂಡು ಒಳಗೆ ಬಂತು. ಏನಾಗಿದೆ ಎಂದು ಅವರಾರಿಗೂ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ಉಸಾಬರಿಯೂ ಬೇಕಿರಲಿಲ್ಲ.

"ಇಲ್ಲೇ ಕೂಡ್ರಿ ಸಾಹೇಬ್ರ, ಫೋಟೋ ಚಲೋ ಬರ್ತೈತಿ" ಅಂದರು ಬಾಳಿಕಾಯಿ.

ಸಾಹೇಬರು ಕೂತರು. ಯಾರ ಮೇಲೆ? ನನ್ನ ಮೇಲೆ! ನೀಲಾಳ ಪೆನ್ನನ್ನು ಅತ್ತ ಸರಿಸಿ, ಒಂದು ಪದಾತಿಯನ್ನು ಎರಡು ಬೆರಳಲ್ಲಿ ಹಿಡಿದು, ಹಲ್ಲು ಕಿರಿದು ಕ್ಯಾಮೆರಾ ನೋಡುತ್ತ ಕೂತರು. ನನ್ನ ಜನ್ಮದಲ್ಲಿ ಅಂಥ ಹೇಸಿಗೆ ನನಗೆ ಎಂದೂ ಆಗಿರಲಿಲ್ಲ. ಮುರಿದುಬಿದ್ದಾದರೂ ಕೆಡವೋಣ ಅನ್ನಿಸಿತು. ಮಾನಪ್ಪನವರ ಕೆಲಸ ಗಟ್ಟಿ, ಮುರಿಯಲಿಲ್ಲ.

ಆಗ ಹೆಂಗಸರೆಲ್ಲ ಬಾಗಿಲಿನಿಂದ ಒಟ್ಟಿಗೆ ಬಂದರು. ಮುಂದೆ ನೀಲಾ. ಓಡಿದವಳಂತೆ ಏದುಸಿರು ಬಿಡುತ್ತಿದ್ದಳು. ನನ್ನ ಪಕ್ಕ ಬಂದು ನಿಂತಳು.

"ಏಳ್ರಿ."

ಸಾಹೇಬರು ತಲೆ ಎತ್ತಿದರು. "ಏನವಾ?"

"ಅದು ನನ್ನ ಕುರ್ಚಿ ಐತ್ರಿ. ಏಳ್ರಿ."

"ಏ ನೀಲಾ! ಯಾರ ಜೋಡಿ ಮಾತಾಡಾಕತ್ತೀ ಗೊತ್ತೈತಿಲ್ಲೋ?" ಬಾಳಿಕಾಯಿಯವರ ಮುಖ ಕೆಂಪಾಗಿತ್ತು. "ನಿನ್ನನ್ನ ಆಡಾಕ ಹಾಕಿದಾಂವ ನಾ!"

"ಹಾಕೀರಿ. ಆಡಾಕ ಬಿಡ್ರಿ ಮತ್ತ!"

ಆ ಹುಡುಗಿಯ ಗಂಟಲಲ್ಲಿ ಅಷ್ಟು ದೊಡ್ಡ ದನಿ ಇದೆಯೆಂದು ಅವಳಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ ಅನ್ನಿಸುತ್ತದೆ. ಶರಯೂ ಬಾಯಿ ನಡುವೆ ಬಂದು ಹೇಳಿದರು. "ಆಡೋರನ್ನ ಬಾಗಲದಾಗ ತಡದವರು ನೀವು. ತಪ್ಪು ಅವರದಲ್ಲ. ಯಾರಿಗೂ ಸೊನ್ನಿ ಇಲ್ಲ. ಆಡದವರು ಹೊರಗ ನಡೀರಿ, ಈಗ ಎಲ್ಲಾರೂ ಕೂತ ಮ್ಯಾಲೆ ಶುರು."

ಸಾಹೇಬರು ಎದ್ದರು. ಪೇಟ ಸರಿಮಾಡಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ ಹೋದರು. ನೀಲಾ ಕೂತಳು. ಅವರು ಎತ್ತಿದ್ದ ಪದಾತಿಯನ್ನು ಮೊದಲಿದ್ದ ಜಾಗಕ್ಕೆ ಇಟ್ಟಳು, ಆಮೇಲೆ ತನ್ನದೇ ನಡೆ ನಡೆಸಿದಳು. ಎರಡೂ ಪಾದಗಳನ್ನು ನೆಲಕ್ಕೆ ಒತ್ತಿಟ್ಟು ನನ್ನ ಕೈಗಳನ್ನು ಹಿಡಿದುಕೊಂಡಳು.

ಕೇತೋ ಕನಿಕರ ತೋರಿಸಿದರು ಅಂದುಕೊಂಡರೆ ನಿಮಗೆ ಚೆಸ್ ಆಡುವವರು ಗೊತ್ತಿಲ್ಲ. ಬಾಗಿಲಿಗೆ ಎದ್ದು ಹೋಗಿದ್ದು ಬೇರೆ, ಆಟ ಬೇರೆ. ಅವರು ಹುಡುಗಿಯನ್ನು ಹಿಂಡಿಬಿಟ್ಟರು. ಒಂದು ಪದಾತಿ ಕಿತ್ತುಕೊಂಡರು, ಆಮೇಲೆ ಅವಳ ಆನೆಯನ್ನು ಮೂಲೆಗೆ ತಳ್ಳಿದರು. ಹೊರಗೆ ಬೆಳಕು ಹೋಯಿತು. ಬೇರೆ ಟೇಬಲ್ಲುಗಳ ಆಟ ಮುಗಿದು, ಎಲ್ಲರೂ ನಮ್ಮ ಸುತ್ತ ದೂರದಲ್ಲಿ ನಿಂತರು. ನೀಲಾ ನನ್ನ ಕೈಗಳನ್ನು ಹಿಡಿದ ಹಿಡಿತ ಬಿಡಲಿಲ್ಲ. ಕೊನೆಗೆ ಬೋರ್ಡಿನ ಮೇಲೆ ಗೆಲ್ಲುವಷ್ಟು ಕಾಯಿ ಯಾರಲ್ಲೂ ಉಳಿಯಲಿಲ್ಲ. ಡ್ರಾ. ಹುಡುಗಿಗೆ ನಾಲ್ಕನೇ ಊರು ಸಿಕ್ಕಿತು. ಕೇತೋಗೆ ಪ್ರಶಸ್ತಿ ಹೋಯಿತು.

ಕೇತೋ ಕೈ ಕುಲುಕಿ, "ನಿನ್ನ ಆನೆ ಪೂರಾ ಕೆಟ್ಟ ಜಾಗದಲ್ಲಿತ್ತು. ಮುಂದಿನ ಊರಿನಲ್ಲಿ ನಿನ್ನನ್ನು ಬಿಡುವುದಿಲ್ಲ" ಅಂದರು. ನೀಲಾ ನಕ್ಕಳು, ನಗುತ್ತ ನಗುತ್ತ ಅತ್ತಳು. ಅವಳ ಕಣ್ಣೀರು ನನ್ನ ಬಲಗೈ ಮೇಲೆ ಬಿತ್ತು. ಯಾರೂ ಒರೆಸಲಿಲ್ಲ.

ಇಷ್ಟಕ್ಕೆ ಮುಗಿದಿದ್ದರೆ ನನಗೆ ಈ ವಯಸ್ಸಿನಲ್ಲಿ ಇಷ್ಟು ಸಿಟ್ಟು ಇರುತ್ತಿರಲಿಲ್ಲ. ಆ ಸರಣಿ ಮತ್ತೆ ಹುಬ್ಬಳ್ಳಿಗೆ ಬರಲಿಲ್ಲ. ಹೆಣ್ಣುಮಕ್ಕಳಿಗೆ ಶಿಸ್ತು ಇಲ್ಲದ್ದಕ್ಕೆ ಹೀಗಾಯಿತು ಎಂದು ಬಾಳಿಕಾಯಿಯವರು ಬಂದವರಿಗೆಲ್ಲ ಹೇಳಿದರು. ನನ್ನ ಒಂಬತ್ತು ಒಡಹುಟ್ಟಿದವರು ಕ್ಲಬ್ಬಿನ ಇಸ್ಪೀಟು ಕೋಣೆಗೆ ಹೋಗಿ, ಸಿಗರೇಟಿನ ಕಿಡಿ ತಿಂದು, ಕಾಲು ಮುರಿದುಕೊಂಡು ಗುಜರಿ ಸೇರಿದರು. ನಾನೊಬ್ಬನೇ ಉಳಿದೆ. ಯಾಕೆ ಗೊತ್ತೇ? ಬಾಳಿಕಾಯಿಯವರು ನನ್ನನ್ನು ಕ್ಲಬ್ಬಿನ ಮುಂಬಾಗಿಲ ಪಡಸಾಲೆಯಲ್ಲಿ ಇರಿಸಿ, ನನ್ನ ಬೆನ್ನಿಗೆ ಹಿತ್ತಾಳೆಯ ಫಲಕ ಹೊಡೆಸಿದರು. ಆ ಸಾಹೇಬರ ಹೆಸರು ದೊಡ್ಡ ಅಕ್ಷರದಲ್ಲಿ. ಕೆಳಗೆ, 'ಮಾನ್ಯರು ಅಂತರರಾಷ್ಟ್ರೀಯ ಮಹಿಳಾ ಚೆಸ್ ಸರಣಿಯ ಸಂದರ್ಭದಲ್ಲಿ ಈ ಆಸನವನ್ನು ಅಲಂಕರಿಸಿದ್ದರು. ದಯವಿಟ್ಟು ಯಾರೂ ಕೂಡಬಾರದು.'

ಅಲಂಕರಿಸಿದ್ದರಂತೆ! ಮೇಲೆ ಗೋಡೆಗೆ ಅವರು ಪದಾತಿ ಹಿಡಿದು ಹಲ್ಲು ಕಿರಿದ ಫೋಟೋ. ಒಂದು ಫೋಟೋ ತೆಗೆಯುವಷ್ಟು ಹೊತ್ತು ಕೂತವರ ಹೆಸರು ಹಿತ್ತಾಳೆಯಲ್ಲಿದೆ. ಬೆಳಕು ಹೋಗುವವರೆಗೆ ಕೂತು, ಹಿಡಿದು, ಬಿಡದೆ ಆಡಿದವಳ ಹೆಸರು ಎಲ್ಲೂ ಇಲ್ಲ. ಎದ್ದು ಬಾಗಿಲಿಗೆ ಹೋದ ಹೆಂಗಸರ ಹೆಸರೂ ಇಲ್ಲ. ಜನ ಬಂದು ಫಲಕ ಓದುತ್ತಾರೆ, "ಹೌದಾ, ಸಾಹೇಬ್ರು ಚೆಸ್ಸೂ ಆಡ್ತಿದ್ರಾ!" ಅನ್ನುತ್ತಾರೆ. ನಾನು ಹಲ್ಲು ಕಡಿಯುತ್ತ ನಿಂತಿದ್ದೇನೆ. ಹಲ್ಲೂ ಕೊಟ್ಟಿಲ್ಲ ನನಗೆ, ಬೆತ್ತವನ್ನೇ ಕಡಿಯುತ್ತೇನೆ.

ಎಷ್ಟೋ ವರ್ಷದಿಂದ ನನ್ನ ಮೇಲೆ ಯಾರೂ ಕೂತಿಲ್ಲ. ಕುರ್ಚಿಯನ್ನು ಕೊಲ್ಲಬೇಕೆಂದರೆ ಸುಡಬೇಕಾಗಿಲ್ಲ, ಹೀಗೆ ಇಟ್ಟರೆ ಸಾಕು. ಹುಬ್ಬಳ್ಳಿಗೆ ಬಂದರೆ ಕ್ಲಬ್ಬಿಗೆ ಬನ್ನಿ. ಬರುವಾಗ ಮಗಳನ್ನು ಕರೆದುಕೊಂಡು ಬನ್ನಿ. ಯಾರಾದರೂ ಬೇಡ ಅನ್ನುತ್ತಾರೆ, ಅನ್ನಲಿ. ಅವಳನ್ನು ನನ್ನ ಮೇಲೆ ಕೂರಿಸಿ. ಕಾಲು ನೆಲಕ್ಕೆ ಮುಟ್ಟುತ್ತವೋ ಇಲ್ಲವೋ, ಕೂಡಲಿ. ಯಾರು ಬಂದು ಏಳು ಅಂದರೂ ಏಳಬೇಡ ಅಂತ ಹೇಳಿ ಕೂರಿಸಿ.