ಟೀಚರಮ್ಮ ತಿರುಗಿ ನೋಡಿದ್ಲಾ ಇಲ್ವಾ

ಆಸ್ಪತ್ರೆ ಬಟ್ಟೆ ಒಗೆಯೋ ಕೋಣೆಲಿ ನಂದು ಮಡಚೋ ಕೆಲಸ. ಒಗೆಯೋದು ಮೆಷಿನ್ನು, ಒಣಗಿಸೋದು ಮೆಷಿನ್ನು, ಇಸ್ತ್ರಿಗೂ ಒಂದು ದೊಡ್ಡ ರೋಲರ್ ಇದೆ. ಮಡಚೋಕೆ ಮಾತ್ರ ಇನ್ನೂ ಕೈಯೇ ಬೇಕು, ಬೆಡ್‌ಶೀಟಿಗಾದ್ರೆ ನಾಲ್ಕು ಕೈ. ಆ ಕಡೆ ಒಬ್ರು ಈ ಕಡೆ ಒಬ್ರು ಎರಡೆರಡು ಮೂಲೆ ಹಿಡ್ಕೊಂಡು, ಒಂದ್ಸಲ ಜಾಡಿಸಿ, ಉದ್ದಕ್ಕೆ ಮಡಚಿ, ಆಮೇಲೆ ಒಬ್ರು ನಡ್ಕೊಂಡು ಬಂದು ತಮ್ಮ ಮೂಲೆನ ಎದುರಿನವರ ಕೈಗೆ ಕೊಡಬೇಕು. ದಿನಕ್ಕೆ ಮುನ್ನೂರು ಶೀಟು. ಅಂದ್ರೆ ಮುನ್ನೂರು ಸಲ ಮುಖಕ್ಕೆ ಮುಖ.

ಹಂಗೆ ನಿಲ್ಲೋರು ದೊಡ್ಡಕ್ಕ ಮತ್ತೆ ಗುಬ್ಬಕ್ಕ. ದೊಡ್ಡಕ್ಕ ಬಾಗಿಲಷ್ಟು ಎತ್ತರ, ಇಲ್ಲಿಗೆ ಸೇರಿ ಇಪ್ಪತ್ತೆರಡು ವರ್ಷ. ಗುಬ್ಬಕ್ಕ ಅವರ ಭುಜಕ್ಕೆ ಬರ್ತಾರೆ, ಅವರದ್ದು ಹತ್ತೊಂಬತ್ತು. ನಂದು ಆಗ ಮೂರು ತಿಂಗಳಿಗೆ ಒಂದು ವಾರ ಕಮ್ಮಿ. ಟವೆಲ್ಲು, ದಿಂಬಿನ ಕವರು, ಆಪರೇಷನ್ ಗೌನು, ಹಿಂಗೆ ಒಬ್ಬರೇ ಮಡಚೋವೆಲ್ಲ ನನ್ನ ಪಾಲು. ಮೂರು ತಿಂಗಳು ನೋಡ್ತೀವಿ ಅಂತ ತಗೊಂಡಿದ್ರು, ಮುಂದಿನ ಶನಿವಾರಕ್ಕೆ ಅದು ಮುಗೀತಿತ್ತು. ಇನ್‌ಚಾರ್ಜ್ ಸಾರ್ ಹತ್ರ ಒಂದು ಹಾಳೆ ಇತ್ತು. ಅದರಲ್ಲಿ ಇಬ್ಬರು ಅಕ್ಕಂದಿರ ಸೈನೂ ಬಿದ್ರೆ ನನಗೆ ಕೆಲಸ ಖಾಯಂ. ಒಬ್ರು ಬೇಡ ಅಂದ್ರೂ ಮನೆಗೆ. ಮನೆ ಅಂದ್ರೆ ನಮ್ಮನೇನೂ ಅಲ್ಲ, ದೊಡ್ಡಮ್ಮನ ಮನೆ. ಅಲ್ಲಿ ಅವರ ಅವಳಿ ಮೊಮ್ಮಕ್ಕಳಿವೆ, ಒಂದು ಕಚ್ಚುತ್ತೆ, ಇನ್ನೊಂದು ಓಡುತ್ತೆ. "ಹೆಂಗೂ ಖಾಲಿ ಕೂತಿದ್ದಾಳಲ್ಲ, ಮಕ್ಕಳನ್ನ ನೋಡ್ಕೊಳ್ಳೋಕೆ ಕಳಿಸು" ಅಂತ ದೊಡ್ಡಮ್ಮ ಒಂದು ವರ್ಷದಿಂದ ಅಮ್ಮನ ತಲೆ ತಿಂತಿದ್ರು.

ಈಗ ಧಾರಾವಾಹಿ ವಿಷಯ. ಮಧ್ಯಾಹ್ನ ಒಂದು ಗಂಟೆದು, ಟೀಚರಮ್ಮ ಮತ್ತೆ ಮೆಕ್ಯಾನಿಕ್‌ದು. ಹೆಸರಿದೆ ಅವರಿಗೆ, ಆದ್ರೆ ನಮ್ಮ ಕೋಣೆಲಿ ಯಾರೂ ಹೆಸರು ಹಿಡಿದು ಹೇಳಲ್ಲ. ಟೀಚರಮ್ಮನ ಸ್ಕೂಟರ್ ಅವನ ಗ್ಯಾರೇಜ್ ಮುಂದೆ ಕೆಟ್ಟು ನಿಂತಲ್ಲಿಂದ ಶುರುವಾಗಿ ನಾನೂರು ಎಪಿಸೋಡ್ ಆಯ್ತು. ಅಂಥಾ ಜೋಡಿ ಇನ್ನೊಂದಿಲ್ಲ, ಬೇಕಾದ್ರೆ ನಾನು ಬರೆದುಕೊಡ್ತೀನಿ. ಆದ್ರೆ ಮದುವೆ ದಿನ ಬೆಳಿಗ್ಗೆ ಅವನು ಒಂದು ಮಾತೂ ಹೇಳದೆ ಮಾಯ. ಐದು ತಿಂಗಳಾದ್ಮೇಲೆ ಗಡ್ಡ ಬಿಟ್ಕೊಂಡು ವಾಪಸ್ ಬಂದ. ಎಲ್ಲಿಗೆ ಹೋಗಿದ್ದೆ ಅಂದ್ರೆ ಬಾಯೇ ಬಿಡಲ್ಲ.

ದೊಡ್ಡಕ್ಕ ಇಬ್ರೂ ಸೇರಬೇಕು ಅನ್ನೋ ಪಾರ್ಟಿ. ಗುಬ್ಬಕ್ಕ ಸೇರಲೇಬಾರದು ಅನ್ನೋ ಪಾರ್ಟಿ.

"ಏನೋ ಕಷ್ಟ ಇರುತ್ತೆ ಕಣೇ ಅವನಿಗೆ. ಮುಖ ನೋಡಿದ್ರೆ ಗೊತ್ತಾಗಲ್ವಾ?" ಅಂತಿದ್ರು ದೊಡ್ಡಕ್ಕ.

"ಮುಖ ನೋಡ್ಕೊಂಡೇ ಅಲ್ವಾ ಅವಳು ಹಾಳಾಗಿದ್ದು. ಕಷ್ಟ ಇದ್ರೆ ಒಂದು ಫೋನ್ ಮಾಡೋಕೆ ಏನು ರೋಗ? ಇಂಜಿನ್ ಬಿಚ್ಚೋಕೆ ಬರುತ್ತೆ, ನಂಬರ್ ಒತ್ತೋಕೆ ಬರಲ್ವಾ?"

"ನಿನಗೆ ಪ್ರೀತಿ ಅಂದ್ರೆ ಬಸ್ಸಿನ ಟೈಮು."

"ನಿಮಗೆ ಪ್ರೀತಿ ಅಂದ್ರೆ ಗಡ್ಡ."

ಹಿಂಗೇ ದಿನಾ ನಡೀತಿತ್ತು, ಕೇಳೋಕೆ ಮಜಾ ಇತ್ತು. ಒಂದಿನ ಮಾತು ಜಾರ್ತು. "ನಿಮ್ಮ ಮನೆಯವರು ತಿಂಗಳುಗಟ್ಟಲೆ ಲಾರಿ ಓಡಿಸ್ಕೊಂಡು ಪತ್ತೆ ಇರಲ್ಲ, ನಿಮಗೆ ಅಭ್ಯಾಸ ಆಗೋಗಿದೆ, ಅದಕ್ಕೇ ಅವನ ಪರ ಮಾತಾಡ್ತೀರಿ" ಅಂದುಬಿಟ್ರು ಗುಬ್ಬಕ್ಕ. ದೊಡ್ಡಕ್ಕ ನಡ್ಕೊಂಡು ಬಂದು, ಮೂಲೆನ ಗುಬ್ಬಕ್ಕನ ಕೈಗೆ ಕೊಡದೆ ಟೇಬಲ್ ಮೇಲೆ ಇಟ್ರು.

ಮಾರನೇ ದಿನದಿಂದ ಮಾತಿಲ್ಲ. ಮೂಲೆ ಕೈಗೆ ಬರಲ್ಲ, ಟೇಬಲ್ ಮೇಲೆ ಬೀಳುತ್ತೆ, ಗುಬ್ಬಕ್ಕ ಎತ್ಕೋಬೇಕು. ಶೀಟೆಲ್ಲ ಸೊಟ್ಟ ಸೊಟ್ಟ. ಮೂರನೇ ವಾರ್ಡಿನವರು ಒಂದು ರಾಶಿ ವಾಪಸ್ ಕಳಿಸಿದ್ರು. ಇನ್‌ಚಾರ್ಜ್ ಸಾರ್ ಬಂದು ನೋಡಿ, ನನ್ನ ಕಡೆ ತಿರುಗಿ "ಹೊಸಬಳು ಮಡಚಿದ್ದಾ?" ಅಂದ್ರು. ಇಬ್ರೂ ಒಟ್ಟಿಗೆ "ಅಲ್ಲ" ಅಂದ್ರು. ಆ ವಾರ ಅವರು ಒಟ್ಟಿಗೆ ಆಡಿದ ಮಾತು ಅದೊಂದೇ.

ಟಿವಿ ಇರೋದು ಎರಡು ಮಹಡಿ ಮೇಲೆ, ರೋಗಿಗಳ ಕಡೆಯವರು ಕಾಯೋ ಹಾಲಲ್ಲಿ. ರೋಲರ್ ಓಡ್ತಿರೋವಾಗ ಅಕ್ಕಂದಿರು ಜಾಗ ಬಿಡೋ ಹಂಗಿಲ್ಲ. ಅದಕ್ಕೆ ಒಂದು ಗಂಟೆಗೆ ನಾನು ಊಟದ ಡಬ್ಬಿ ತಗೊಂಡು ಹೋಗಿ ನೋಡ್ಕೊಂಡು ಬಂದು ಕಥೆ ಹೇಳಬೇಕು. ಮೊದಲನೇ ವಾರದಿಂದ್ಲೂ ಹಂಗೇ. ನನಗೆ ರೇಡಿಯೋ ಅಂತ ಹೆಸರು ಬಿದ್ದಿದ್ದೂ ಅದಕ್ಕೇ. ನಾನು ಹೇಳೋವಾಗ ಇಬ್ರೂ ಶೀಟ್ ಹಿಡ್ಕೊಂಡೇ ನಿಂತುಬಿಡ್ತಿದ್ರು. ಮಾತು ಬಿಟ್ಮೇಲೆ ಬೇರೆಬೇರೆ ಕೇಳೋಕೆ ಶುರು ಮಾಡಿದ್ರು. ದೊಡ್ಡಕ್ಕಂಗೆ ಟ್ರಾಲಿ ಹತ್ರ, ಗುಬ್ಬಕ್ಕಂಗೆ ರೋಲರ್ ಹತ್ರ.

ಮೊದಲೆರಡು ದಿನ ಇಬ್ರಿಗೂ ಒಂದೇ ಥರ ಹೇಳ್ದೆ. ಮೂರನೇ ದಿನ, ಟೀಚರಮ್ಮ ಮೆಕ್ಯಾನಿಕ್ ಕಳಿಸಿದ ಕಾಗದ ಓದ್ಲಿಲ್ಲ ಅಂದಾಗ ದೊಡ್ಡಕ್ಕನ ಮುಖ ಹೆಂಗೆ ಬಾಡ್ತು ಅಂದ್ರೆ, ನನ್ನ ತಲೇಲಿ ಶನಿವಾರದ ಹಾಳೆ ಬಂತು. "ಆದ್ರೆ ಹರೀಲಿಲ್ಲ ದೊಡ್ಡಕ್ಕ, ದಿಂಬಿನ ಕೆಳಗಿಟ್ಕೊಂಡ್ಲು" ಅಂದೆ. ಇಟ್ಕೊಂಡಿರಲಿಲ್ಲ. ಗುಬ್ಬಕ್ಕನ ಹತ್ರ ಹೋಗಿ ಹರಿದು ಬಿಸಾಕಿದ್ಲು ಅಂದೆ. ಅದೂ ಇಲ್ಲ, ಕಾಗದ ಟೇಬಲ್ ಮೇಲೇ ಇತ್ತು. ಇಬ್ರೂ ಖುಷಿ. ಒಬ್ರು ನನಗೆ ಬಾಳೆಹಣ್ಣು ಕೊಟ್ರು, ಇನ್ನೊಬ್ರು ಗೌನಿನ ಲಾಡಿ ಕಟ್ಟೋ ಸುಲಭದ ದಾರಿ ಹೇಳಿಕೊಟ್ರು. ಆಮೇಲೆ ಟೀಚರಮ್ಮ ಅವನ ಅಮ್ಮನ್ನ ನೋಡೋಕೆ ಹೋದಾಗ, ಜಗಳ ಆಡಿದ್ಲು ಅಂತ ಗುಬ್ಬಕ್ಕಂಗೆ ಹೇಳ್ದೆ. ನನಗೂ ಇದು ರೂಢಿ ಆಯ್ತು.

ಮಂಗಳವಾರದ ಎಪಿಸೋಡಲ್ಲಿ ಟೀಚರಮ್ಮ ಗ್ಯಾರೇಜಿಗೇ ಹೋದ್ಲು. ಅವನ ಮುಂದೆ ನಿಂತು, ಏನೂ ಮಾತಾಡದೆ ಹೊರಟ್ಲು. ಬಾಗಿಲ ಹತ್ರ ತಿರುಗಿ ಬಂದ್ಲು. ನಾನು ಊಟ ಬಿಟ್ಟು ಎದ್ದು ನಿಂತಿದ್ದೆ. ನೋಡಿದ್ರೆ, ಬ್ಯಾಗ್ ಮರೆತಿದ್ಲು. ತಗೊಂಡು ಹೋದ್ಲು.

ದೊಡ್ಡಕ್ಕಂಗೆ ಹೇಳ್ದೆ, ತಿರುಗಿ ನೋಡಿದ್ಲು, ಕಣ್ಣು ತುಂಬಿತ್ತು ಅಂತ. ಗುಬ್ಬಕ್ಕಂಗೆ ಹೇಳ್ದೆ, ಹಿಂದೆ ತಿರುಗ್ಲೇ ಇಲ್ಲ ಅಂತ. ಬ್ಯಾಗಿನ ಸುದ್ದಿ ಯಾರಿಗೂ ಎತ್ತಲಿಲ್ಲ.

ಬುಧವಾರ ಬೆಳಿಗ್ಗೆ ಮೂರನೇ ವಾರ್ಡಿಗೆ ಟ್ರಾಲಿ ತಳ್ಕೊಂಡು ಹೋದೆ. ಅಷ್ಟು ದಿನ ಅಕ್ಕಂದಿರು ಒಬ್ಬರಿಗೊಬ್ಬರು ಏನಾದ್ರೂ ಹೇಳಬೇಕಾದ್ರೆ ನನ್ನ ಕೈಲಿ ಹೇಳಿಸ್ತಿದ್ರು. "ರೇಡಿಯೋ, ಅವರಿಗೆ ಹೇಳು, ಈ ಮೂಲೆ ಮೇಲೆ ಬರಬೇಕು ಅಂತ." ಎದುರಿಗೇ ನಿಂತಿರೋರಿಗೆ. ನಾನಿಲ್ಲದ ಹೊತ್ತಲ್ಲಿ ಶೀಟು ರೋಲರಿಗೆ ಸಿಕ್ಕಾಕ್ಕೊಂಡಿದೆ, ಇಬ್ರೂ ಎಳೀಬೇಕು, ಬಾಯಿ ಬಿಡ್ಲೇಬೇಕು. ಬಿಟ್ಟಿದ್ದಾರೆ. ಬಿಟ್ಮೇಲೆ ನಿಂತಿಲ್ಲ, ಮಾತು ಟೀಚರಮ್ಮನವರೆಗೂ ಬಂದಿದೆ.

ನಾನು ವಾಪಸ್ ಬಂದಾಗ ಇಬ್ರೂ ಒಂದೇ ಶೀಟ್ ಹಿಡ್ಕೊಂಡು ನನ್ನನ್ನೇ ನೋಡ್ತಿದ್ರು.

"ಬಾರಮ್ಮ ಬಾ. ನಿನ್ನೆ ಟೀಚರಮ್ಮ ತಿರುಗಿ ನೋಡಿದ್ಲಾ ಇಲ್ವಾ?" ಅಂದ್ರು ದೊಡ್ಡಕ್ಕ.

"ಬ್ಯಾಗ್ ಮರೆತಿದ್ಲು ಅಕ್ಕ."

"ಬ್ಯಾಗಾ?"

"ಅದನ್ನ ತಗೊಳ್ಳೋಕೆ ತಿರುಗಿದ್ಲು."

ಗುಬ್ಬಕ್ಕ ಬೆರಳು ಮಡಚಿ ಎಣಿಸೋಕೆ ಶುರು ಮಾಡಿದ್ರು. "ಕಾಗದ?"

"ಟೇಬಲ್ ಮೇಲಿತ್ತು."

"ಅವನ ಅಮ್ಮನ ಹತ್ರ ಜಗಳ?"

"ಆಡ್ಲಿಲ್ಲ. ಕಾಫಿ ಕುಡಿದ್ರು."

"ನೋಡಿದ್ರಾ ದೊಡ್ಡಕ್ಕ, ಇವಳು ಮನೇಲೇ ಒಂದು ಚಾನೆಲ್ ಇಡಬಹುದು."

"ಒಂದಲ್ಲ, ಎರಡು. ನಿನಗೊಂದು, ನನಗೊಂದು."

ನಗ್ತಾರೇನೋ ಅಂತ ಕಾದೆ. ನಗಲಿಲ್ಲ. ಯಾಕೆ ಹಂಗೆ ಮಾಡಿದೆ ಅಂತ ದೊಡ್ಡಕ್ಕ ಕೇಳಿದ್ರು, ಶನಿವಾರ ಸೈನ್ ಬೇಕಿತ್ತು ಅಂದೆ. ಆ ಒಂದು ಮಾತಾದ್ರೂ ಸುಳ್ಳು ಹೇಳದೆ ಅಂದೆ. "ಸೈನು ನೀನು ಮಡಚಿದ ಗೌನು ನೋಡಿ ಹಾಕ್ತಿದ್ವಿ ಕಣೆ, ಟೀಚರಮ್ಮನ್ನ ನೋಡಿ ಅಲ್ಲ" ಅಂದು ಶೀಟ್ ಜಾಡಿಸಿದ್ರು.

ಗುರುವಾರ ಕ್ರಿಕೆಟ್ ಮ್ಯಾಚ್ ಹಾಕಿದ್ರು, ಧಾರಾವಾಹಿ ಇಲ್ಲ. ಶುಕ್ರವಾರ ಹೋದೆ. ಇವತ್ತು ಕಂಡಿದ್ದು ಕಂಡಂಗೆ, ಅವರು ಉಸಿರು ಬಿಟ್ಟಿದ್ದನ್ನೂ ಬಿಡದಂಗೆ ಹೇಳ್ತೀನಿ ಅಂತ ಗಟ್ಟಿ ಮಾಡ್ಕೊಂಡು ಕೂತೆ. ಅರ್ಧ ಗಂಟೆ ಪೂರ್ತಿ ಟೀಚರಮ್ಮನ ಅತ್ತಿಗೆ ಸೂಟ್‌ಕೇಸ್ ಹುಡುಕಿದ್ಲು. ಟೀಚರಮ್ಮನೂ ಬರಲಿಲ್ಲ, ಮೆಕ್ಯಾನಿಕ್ಕೂ ಬರಲಿಲ್ಲ.

ಕೆಳಗೆ ಬಂದು ಇಬ್ಬರ ಮಧ್ಯೆ ನಿಂತು ಹಂಗೇ ಹೇಳ್ದೆ.

"ಸೂಟ್‌ಕೇಸು," ಅಂದ್ರು ದೊಡ್ಡಕ್ಕ.

"ಅತ್ತಿಗೆದು," ಅಂದ್ರು ಗುಬ್ಬಕ್ಕ.

"ದೇವರಾಣೆ ಅಕ್ಕ."

"ಸೇರಿಬಿಟ್ರು ಅಂತ ಕಾಣುತ್ತೆ ದೊಡ್ಡಕ್ಕ. ನನಗೆ ಬೇಜಾರಾಗುತ್ತೆ ಅಂತ ಮುಚ್ಚಿಡ್ತಿದ್ದಾಳೆ."

"ಇಲ್ಲ, ಅವಳು ಆ ಊರೇ ಬಿಟ್ಟು ಹೋಗಿರಬೇಕು. ನನಗೆ ಹೇಳೋಕೆ ಹೆದರಿಕೆ ಇವಳಿಗೆ."

ನಾನು ಅತ್ತಿಗೆ ಸೀರೆ ಬಣ್ಣ ಹೇಳ್ದೆ, ಸೂಟ್‌ಕೇಸ್ ಬಣ್ಣ ಹೇಳ್ದೆ. ಹೇಳಿದಷ್ಟೂ ಕಟ್ಟುಕಥೆ ಥರ ಕೇಳಿಸ್ತಿತ್ತು, ನನಗೇ. ಗುಬ್ಬಕ್ಕ ಹೋಗಿ ರೋಲರ್ ಸ್ವಿಚ್ ಆರಿಸಿದ್ರು. ನಾಲ್ಕು ಗಂಟೆಗೆ ಮುಂಚೆ ಅದು ನಿಂತಿದ್ದನ್ನ ನಾನಂತೂ ನೋಡೇ ಇಲ್ಲ. ಇಬ್ರೂ ಮೇಲೆ ಹೋದ್ರು. ನಾನು ಒಬ್ಳೇ ನಿಂತು ಒಂದು ಶೀಟ್ ಮಡಚೋಕೆ ನೋಡ್ದೆ. ಎರಡು ಮೂಲೆ ಕೈಲಿ, ಒಂದು ಗಲ್ಲದ ಕೆಳಗೆ, ನಾಲ್ಕನೇದು ನೆಲದ ಮೇಲೆ. ಮತ್ತೆ ಒಗೆಯೋಕೆ ಹಾಕ್ದೆ.

ಇಪ್ಪತ್ತು ನಿಮಿಷಕ್ಕೆ ಮೆಟ್ಟಿಲ ಮೇಲೆ ದನಿ ಕೇಳಿಸ್ತು. ಕಾಲಿಗೆ ಪ್ಲಾಸ್ಟರ್ ಹಾಕ್ಕೊಂಡ ಅಜ್ಜ ಒಬ್ರು ಹಾಲಲ್ಲಿ ಸಿಕ್ಕಿ, ಎಪಿಸೋಡ್ ಪೂರ್ತಿ ಒಪ್ಪಿಸಿದ್ರಂತೆ.

"ಸೂಟ್‌ಕೇಸೇ," ಅಂದ್ರು ಗುಬ್ಬಕ್ಕ ಏದುಸಿರು ಬಿಡ್ತಾ. "ಒಂದು ಸೂಟ್‌ಕೇಸಿಗೆ ಎರಡು ಮಹಡಿ ಹತ್ತಿಸಿದೆ ನೀನು."

ಮಧ್ಯಾಹ್ನವೆಲ್ಲ ಇಬ್ರೂ ಸೇರಿ ಅತ್ತಿಗೆನ ಬೈದ್ರು. ಬೈತಾ ಬೈತಾ ಮಧ್ಯದಲ್ಲಿ ಗುಬ್ಬಕ್ಕ ದನಿ ಇಳಿಸಿ, "ಅವತ್ತು ನಿಮ್ಮ ಮನೆಯವರ ಮಾತು ಎತ್ತಬಾರದಿತ್ತು ನಾನು" ಅಂದ್ರು.

"ಎತ್ತಿದ್ದು ತಪ್ಪು," ಅಂದ್ರು ದೊಡ್ಡಕ್ಕ. "ಹೇಳಿದ್ದು ಪೂರ್ತಿ ತಪ್ಪಲ್ಲ. ಹಿಡಿ." ಮೂಲೆನ ಕೈಗೆ ಕೊಟ್ರು.

ಶನಿವಾರ ಇನ್‌ಚಾರ್ಜ್ ಸಾರ್ ಹಾಳೆ ತಗೊಂಡು ಬಂದ್ರು. ನಾನು ಟವೆಲ್ ಎಣಿಸ್ತಾ ನಿಂತಿದ್ದೆ, ಹನ್ನೆರಡಾದ್ಮೇಲೆ ಮತ್ತೆ ಹನ್ನೆರಡೇ ಬರ್ತಿತ್ತು.

"ಕೈ ಚುರುಕು ಸಾರ್. ಮಡಚೋದೂ ನೀಟು," ಅಂದ್ರು ದೊಡ್ಡಕ್ಕ. "ಬಾಯಿ ಮಾತ್ರ ಎರಡಿದೆ."

"ಅಂದ್ರೆ ಸೈನ್ ಹಾಕ್ತೀರೋ ಇಲ್ವೋ?"

ಇಬ್ರೂ ಮುಖ ಮುಖ ನೋಡ್ಕೊಂಡ್ರು. "ಇನ್ನೊಂದು ತಿಂಗಳು ನೋಡ್ತೀವಿ," ಅಂದ್ರು ಗುಬ್ಬಕ್ಕ. ಅದಕ್ಕೆ ಹಾಳೇಲಿ ಜಾಗ ಇಲ್ಲ ಅಂದ್ರು ಸಾರ್. ಆಮೇಲೆ ಅವರೇ ಮೂರು ಅನ್ನೋದನ್ನ ಹೊಡೆದು ನಾಲ್ಕು ಅಂತ ಬರೆದ್ರು.

ಸಾರ್ ಹೋದ್ಮೇಲೆ ದೊಡ್ಡಕ್ಕ ಇನ್ನೊಂದು ಹೇಳಿದ್ರು. ಸೋಮವಾರದಿಂದ ಒಂದು ಗಂಟೆಗೆ ಟಿವಿ ಹತ್ರ ನಾನು ಹೋಗಂಗಿಲ್ಲ. ಅವರಿಬ್ರೂ ದಿನಕ್ಕೊಬ್ರು ಹೋಗ್ತಾರೆ. ಹೋದವರ ಜಾಗದಲ್ಲಿ ನಾನು ಶೀಟ್ ಹಿಡೀಬೇಕು. ಶೀಟಿಗೆ ಕೈ ಹಾಕೋಕೆ ಬಿಡ್ತಿರೋದು ಒಳ್ಳೇದೇ, ಗೊತ್ತು ನನಗೆ. ಆದ್ರೂ ಎಲ್ಲಿಗೆ ಹೋಗಿದ್ದೆ ಅಂತ ಮೆಕ್ಯಾನಿಕ್ ಸೋಮವಾರ ಬಾಯಿ ಬಿಡ್ತಾನೆ ಅಂತ ಅನಿಸ್ತಿತ್ತು. ನಾನೂರು ಎಪಿಸೋಡ್ ನೋಡಿದವಳು ನಾನು.

ಅಮ್ಮಂಗೆ ಫೋನ್ ಮಾಡಿ ಹೇಳ್ದೆ. "ಖಾಯಮ್ಮೋ ಇಲ್ವೋ, ಒಂದು ಮಾತಲ್ಲಿ ಹೇಳು" ಅಂದ್ರು. "ಒಂದು ತಿಂಗಳು" ಅಂದೆ.

"ದೊಡ್ಡಮ್ಮಂಗೆ ಏನಂತ ಹೇಳ್ಲಿ ನಾನು?"

"ಇದ್ದಿದ್ದನ್ನ ಇದ್ದಂಗೆ ಹೇಳಮ್ಮ," ಅಂದೆ.