ಪಿನ್ನಿಗೆ ಸಿಕ್ಕಿಸಿದ ವೈರು

ನನ್ನ ಡ್ರೈವರ್ ಕೂಸಪ್ಪಣ್ಣನನ್ನು ನಾನು ಬೈದದ್ದು ಅವರದೇ ಊರಿನಲ್ಲಿ, ಪುಂಜಾಲಕಟ್ಟೆಯ ಹತ್ತಿರದ ಒಂದು ಬಸ್ ತಂಗುದಾಣದ ಎದುರು, ಅವರ ನೆಂಟರಿಷ್ಟರು ನಿಂತು ನೋಡುತ್ತಿದ್ದಾಗ. ಬೈಯುವುದು ನನಗೆ ಹೊಸತಲ್ಲ. ಮೆಲ್ಕಾರಿನಲ್ಲಿ ಶಾಮಿಯಾನ, ಜನರೇಟರ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟು ಹದಿನಾರು ವರ್ಷವಾಯಿತು. ನನ್ನ ಸ್ವರ ಎದುರಿನ ಹೋಟೆಲಿಗೆ ಕೇಳದ ದಿನ ಇಲ್ಲ. ಬೈದದ್ದು ತಪ್ಪಾಯಿತು ಎಂದು ನನಗೆ ಅನಿಸಿದ್ದೂ ಕಡಿಮೆ. ಇದೊಂದು ಮಾತ್ರ ಅನ್ನ ತಿನ್ನುವಾಗಲೂ ಎದ್ದು ಬರುತ್ತದೆ.

ಎಲ್ಲ ಆದದ್ದು ಒಂದು ವೈರಿನಿಂದ. ನಮ್ಮ ಕಡೆಯ ಟ್ರೇಲರ್‌ಗಳಿಗೆ ಸಾಮಾನ್ಯವಾಗಿ ಬ್ರೇಕ್ ಎಂಬುದೇ ಇಲ್ಲ. ಗಾಡಿಗೆ ಜೋಡಿಸಲು ಒಂದು ತೂತು, ಅದಕ್ಕೆ ಇಳಿಸಲು ಒಂದು ಪಿನ್ನು, ಉಳಿದದ್ದು ದೇವರ ದಯೆ. ಎರಡು ವರ್ಷದ ಹಿಂದೆ ನಾನು ಕೊಂಡ ಹಳೆಯ ಜನರೇಟರ್ ಟ್ರೇಲರಿಗೆ ಅದರದ್ದೇ ಬ್ರೇಕ್ ಇತ್ತು. ಅದರ ಹ್ಯಾಂಡ್‌ಬ್ರೇಕಿನಿಂದ ಪೆನ್ಸಿಲಿಗಿಂತ ತೆಳ್ಳಗಿನ ಉಕ್ಕಿನ ವೈರು ಮುಂದಕ್ಕೆ ಬರುತ್ತದೆ, ತುದಿಯಲ್ಲೊಂದು ಕೊಕ್ಕೆ. ಆ ಕೊಕ್ಕೆಯನ್ನು ಎಳೆಯುವ ಗಾಡಿಗೆ ಸಿಕ್ಕಿಸಬೇಕು. ದಾರಿಯಲ್ಲಿ ಟ್ರೇಲರ್ ಕಳಚಿಕೊಂಡರೆ ವೈರು ಬಿಗಿದು ಹ್ಯಾಂಡ್‌ಬ್ರೇಕನ್ನು ಎಳೆಯುತ್ತದೆ, ಆಮೇಲೆ ತುಂಡಾಗುತ್ತದೆ. ಟ್ರೇಲರ್ ಇದ್ದಲ್ಲೇ ನಿಲ್ಲುತ್ತದೆ.

ಮೂಡುಬಿದಿರೆಯ ಮೆಕ್ಯಾನಿಕ್ ಹಿಶಾಮ್ ನಮ್ಮ ಪಿಕಪ್ಪಿನ ಚಾಸಿಗೆ ದಪ್ಪದ ಒಂದು ಬಳೆ ವೆಲ್ಡ್ ಮಾಡಿ ಕೊಟ್ಟಿದ್ದ. ಕೊಕ್ಕೆ ಈ ಬಳೆಗೇ ಬೀಳಬೇಕು, ಪಿನ್ನಿಗೆ ಎಂದೂ ಸಿಕ್ಕಿಸಬಾರದು, ಪಿನ್ನು ಹಾರಿದರೂ ವೈರಿನ ತುದಿ ಗಾಡಿಯಲ್ಲೇ ಉಳಿಯಬೇಕು ಎಂದು ಹೇಳಿದ್ದ. ತಿರುವಿನಲ್ಲಿ ವೈರು ಬಿಗಿಯಬಾರದು, ನೇರ ಹೋಗುವಾಗ ರಸ್ತೆಗೆ ತಾಗಬಾರದು, ಒಂದು ಎಳೆ ತುಂಡಾದರೂ ಹೊಸತು ಹಾಕಬೇಕು. ಕೂಸಪ್ಪಣ್ಣ ಕುಕ್ಕರಗಾಲಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಂಡರು. ನಾನು ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದೆ. ಅರ್ಧ ಕಿವಿ ಇತ್ತ ಕೊಟ್ಟಿದ್ದೆ. ಅಷ್ಟು ಸಾಕಿತ್ತು. ಗೊತ್ತಿರಲಿಲ್ಲ ಎಂದು ಈಗ ಹೇಳಿದರೆ ಅದು ಸುಳ್ಳು.

ಕಳೆದ ಫೆಬ್ರವರಿಯಲ್ಲಿ ಆ ವೈರಿನ ಎರಡು ಎಳೆ ತುಂಡಾದವು. ಹೊಸತು ತರುವ ಬದಲು ತುದಿಯನ್ನು ಕತ್ತರಿಸಿ, ಮಡಚಿ, ಅದೇ ಕೊಕ್ಕೆ ಹಾಕಿದೆ. ಒಂದು ಗೇಣು ಗಿಡ್ಡವಾಯಿತು. ಮರುದಿನವೇ ತಿರುವಿನಲ್ಲಿ ಬ್ರೇಕ್ ಹಿಡಿದು ಚಕ್ರದಿಂದ ಸುಟ್ಟ ವಾಸನೆ ಬಂತು.

ಅದರ ಮಾರನೆಯ ಬೆಳಿಗ್ಗೆ ಬೆಳ್ತಂಗಡಿಯಲ್ಲಿ ಒಂದು ಮದುವೆ. ಹತ್ತಕ್ಕೆ ಮುಹೂರ್ತ, ಒಂಬತ್ತಕ್ಕೆ ಜನರೇಟರ್ ಅಲ್ಲಿರಬೇಕು. ಕೂಸಪ್ಪಣ್ಣ ಗಾಡಿಗೆ ನೀರು ನೋಡುತ್ತಿದ್ದರು. ನಾನು ಕೊಕ್ಕೆಯನ್ನು ಬಳೆಯಿಂದ ತೆಗೆದು, ಹತ್ತಿರವೇ ಇದ್ದ ಪಿನ್ನಿನ ತಲೆಗೆ ಸಿಕ್ಕಿಸಿದೆ. ವೈರು ಸಡಿಲವಾಯಿತು. ಅರ್ಧ ನಿಮಿಷದ ಕೆಲಸ. ಕೂಸಪ್ಪಣ್ಣ ಹಿಂದೆ ಬಂದು ಒಂದು ಕ್ಷಣ ನಿಂತರು. ಹೊರಡುವ, ಹೊರಡುವ ಎಂದು ನಾನು ಕೂಗಿದೆ. ಅವರು ಏನೂ ಹೇಳದೆ ಹೋಗಿ ಸ್ಟೇರಿಂಗ್ ಹಿಡಿದರು. ಐವತ್ತೆಂಟರ ಮನುಷ್ಯ, ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ನಾನು ಪಕ್ಕದಲ್ಲಿ ಕುಳಿತೆ.

ಪುಂಜಾಲಕಟ್ಟೆ ಇನ್ನೇನು ಮುಟ್ಟಬೇಕು ಎನ್ನುವಾಗ ಒಂದು ಏರು ಉಂಟು. ಅಲ್ಲಿ ಹಂಪಿನ ಮೇಲೆ ಗಾಡಿ ಹಾರಿದಾಗ ಹಿಂದೆ ಕಬ್ಬಿಣ ರಸ್ತೆಗೆ ಉಜ್ಜಿದ ಶಬ್ದ ಕೇಳಿತು. ಕೂಸಪ್ಪಣ್ಣ ಕೂಡಲೇ ನಿಲ್ಲಿಸಿದರು. ನಾವು ಇಳಿದು ನೋಡುವಷ್ಟರಲ್ಲಿ ಟ್ರೇಲರ್ ಮೂತಿಯನ್ನು ನೆಲಕ್ಕೆ ಉಜ್ಜುತ್ತ, ಬೆಂಕಿಯ ಕಿಡಿ ಹಾರಿಸುತ್ತ ಹಿಂದಕ್ಕೆ ಇಳಿಯುತ್ತಿತ್ತು. ಐವತ್ತು ಅಡಿ ಇಳಿದು, ಅಡ್ಡ ತಿರುಗಿ, ಬಸ್ ತಂಗುದಾಣದ ಕಂಬಕ್ಕೆ ಹೊಡೆದು ನಿಂತಿತು. ಒಳಗಿನ ಸಿಮೆಂಟಿನ ಬೆಂಚು ಎರಡು ತುಂಡಾಯಿತು. ಆ ಬೆಂಚಿನಲ್ಲಿ ಕುಳಿತಿದ್ದ ಕಾವೇರಮ್ಮ ಎಂಬ ಹೆಂಗಸು ಬಸ್ಸು ಬಂತೇ ಎಂದು ನೋಡಲು ಆಗಷ್ಟೇ ಎದ್ದು ಹೊರಗೆ ಬಂದಿದ್ದರಂತೆ. ಗಾಬರಿಯಲ್ಲಿ ಓಡಿ ಬಿದ್ದು ಮೊಣಕೈ ಒಡೆದುಕೊಂಡಿದ್ದರು.

ನಾನು ಆ ಮುರಿದ ಬೆಂಚನ್ನು ನೋಡಿದೆ. ಹೆದರಿದರೆ ನನಗೆ ಬಾಯಿಗೆ ಬರುವುದು ಬೈಗುಳ. ಅಣ್ಣ ಎನ್ನುವುದು ಬಿಟ್ಟುಹೋಯಿತು.

"ಕಣ್ಣು ಕಾಣದ ಮೇಲೆ ಗಾಡಿ ಯಾಕೆ ನಿನಗೆ, ಮನೆಯಲ್ಲಿ ದನ ಕಟ್ಟಿಕೊಂಡು ಕೂತ್ಕೊ. ಪಿನ್ನು, ವೈರು ನೋಡುವುದು ಯಾರ ಕೆಲಸ? ಒಂದು ಜೀವ ಹೋಗ್ತಿತ್ತಲ್ಲ."

ಜನ ಸೇರಿದ್ದರು. ಕೂಸಪ್ಪಣ್ಣನ ಭಾವನ ರಿಕ್ಷಾ ಅಲ್ಲೇ ನಿಂತಿತ್ತು. ಕೂಸಪ್ಪಣ್ಣ ತಲೆ ತಗ್ಗಿಸಿ ನಿಂತರು. ಅದು ನನ್ನನ್ನು ಇನ್ನಷ್ಟು ಕೆರಳಿಸಿತು.

"ನಿನ್ನ ತಪ್ಪಿಲ್ಲದಿದ್ದರೆ ನಿಮ್ಮ ಊರಿನ ದೈವದ ಎದುರು ಬಂದು ಆಣೆ ಹಾಕು. ನಾನೂ ಹಾಕ್ತೇನೆ. ಬರುವ ಸಂಕ್ರಮಣಕ್ಕೆ."

ನಮ್ಮಲ್ಲಿ ಈ ಮಾತು ಉಳಿದ ಬೈಗುಳದ ಹಾಗಲ್ಲ. ಒಮ್ಮೆ ಹತ್ತು ಜನರ ಎದುರು ಹೇಳಿದರೆ ಹಿಂದೆ ಪಡೆಯಲಿಕ್ಕಿಲ್ಲ. ಕರೆದವನೂ ನಿಲ್ಲಬೇಕು, ಕರೆಸಿಕೊಂಡವನೂ ನಿಲ್ಲಬೇಕು. ಹಿಂದೆ ಸರಿದವನು ಕಳ್ಳ.

ಆಮೇಲೆ ನಾನು ಟ್ರೇಲರಿನ ಹತ್ತಿರ ಹೋದೆ. ವೈರು ತುಂಡಾಗಿರಲಿಲ್ಲ. ಅದರ ಕೊಕ್ಕೆಯಲ್ಲಿ ಪಿನ್ನು, ಗಾಳಕ್ಕೆ ಸಿಕ್ಕಿದ ಮೀನಿನ ಹಾಗೆ, ನೇತಾಡುತ್ತಿತ್ತು. ಪಿನ್ನು ಹಾರದಂತೆ ಅಡಿಯಲ್ಲಿ ಸಿಕ್ಕಿಸುವ ಕ್ಲಿಪ್ ತುಂಡಾಗಿ ಪಿನ್ನು ಮೇಲಕ್ಕೆ ಹಾರಿದೆ, ಪಿನ್ನಿನ ಜೊತೆಗೇ ವೈರೂ ಹೋಗಿದೆ. ಬ್ರೇಕನ್ನು ಎಳೆಯಲು ಗಾಡಿಯಲ್ಲಿ ಏನೂ ಉಳಿದಿರಲಿಲ್ಲ. ನೋಡಿದ ಕೂಡಲೇ ನನಗೆ ಎಲ್ಲ ಅರ್ಥವಾಯಿತು.

ಬೇರೆಯವರೆಲ್ಲ ಕಾವೇರಮ್ಮನಿಗೆ ನೀರು ಕೊಡುತ್ತಿದ್ದರು. ನಾನು ಪಿನ್ನನ್ನು ಕೊಕ್ಕೆಯಿಂದ ಬಿಡಿಸಿ ಪ್ಯಾಂಟಿನ ಕಿಸೆಗೆ ಹಾಕಿಕೊಂಡೆ. ತಿರುಗಿದಾಗ ಕೂಸಪ್ಪಣ್ಣ ನನ್ನ ಕೈಯನ್ನೇ ನೋಡುತ್ತಿದ್ದರು. ಅವರು ಪಿಕಪ್ಪಿನ ಬೀಗದ ಕೈಯನ್ನು ಬಾನೆಟ್ಟಿನ ಮೇಲೆ ಇಟ್ಟು ನಡೆದುಕೊಂಡು ಮನೆಗೆ ಹೋದರು.

ಸಂಕ್ರಮಣಕ್ಕೆ ಆರು ದಿನ ಇತ್ತು. ಆ ಆರು ದಿನ ನಾನು ಮಾಡಿದ ಯೋಚನೆಗಳನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ದೈವದ ಎದುರು ಯಾವ ಮಾತು ಹೇಳಿದರೆ ಅದು ಸುಳ್ಳೂ ಆಗುವುದಿಲ್ಲ, ನಾನು ಸಿಕ್ಕಿಬೀಳುವುದೂ ಇಲ್ಲ ಎಂದು ಹುಡುಕಿದೆ. ಪಿನ್ನನ್ನು ಗಾಡಿಯಿಂದ ನಾನು ಕಳಚಿಲ್ಲ ಎನ್ನಬಹುದು. ಅದು ನಿಜ. ಮನೆಯಲ್ಲಿ ಸೂತಕ ಎಂದು ಹೇಳಿ ತಪ್ಪಿಸಿಕೊಳ್ಳಬಹುದೇ ಎಂದು ದೂರದ ನೆಂಟರಲ್ಲಿ ಹಾಸಿಗೆ ಹಿಡಿದು ಮಲಗಿದವರು ಯಾರಿದ್ದಾರೆ ಎಂದೂ ಲೆಕ್ಕ ಹಾಕಿದೆ. ಅಷ್ಟಕ್ಕೆ ಇಳಿದಿದ್ದೆ.

ಐದನೆಯ ದಿನ ಸುದ್ದಿ ಬಂತು. ಕೂಸಪ್ಪಣ್ಣ ಆಣೆ ಹಾಕುವುದಿಲ್ಲ ಎಂದು ದೈವಸ್ಥಾನದವರಿಗೆ ಹೇಳಿ ಕಳಿಸಿದ್ದಾರಂತೆ. ಎದುರಿನ ಹೋಟೆಲಿನ ಭವಿತ್ ಚಾ ತಂದಿಟ್ಟು, ಕೊನೆಗೆ ಒಪ್ಪಿಕೊಂಡ ಹಾಗಾಯಿತಲ್ಲ, ದೈವಕ್ಕೆ ಹೆದರದವರು ಯಾರು ಎಂದ. ಅಂಗಡಿಯಲ್ಲಿದ್ದ ಇನ್ನಿಬ್ಬರು ತಲೆಯಾಡಿಸಿದರು. ನಾನು ಲೋಟ ಎತ್ತಿಕೊಂಡೆ. ಚಾ ಕುಡಿದೆ. ಹಗುರವಾಯಿತು ಕೂಡ. ಆ ಹಗುರವಾದದ್ದು ಇದೆಯಲ್ಲ, ಬೈದದ್ದಕ್ಕಿಂತಲೂ ಅದು ಹೊಲಸು.

ರಾತ್ರಿ ನಿದ್ದೆ ಬರಲಿಲ್ಲ ಎಂದೆಲ್ಲ ಬರೆಯುವುದಿಲ್ಲ, ನಿದ್ದೆ ಬಂತು. ಆದರೆ ತಪ್ಪೇ ಮಾಡದ ಮನುಷ್ಯ ಯಾಕೆ ಹಿಂದೆ ಸರಿದ ಎಂಬುದು ತಲೆಯಿಂದ ಹೋಗಲಿಲ್ಲ. ಮರುದಿನ ಸಂಜೆ ಬೈಕ್ ಹತ್ತಿ ಅವರ ಮನೆಗೆ ಹೋದೆ.

ಕೂಸಪ್ಪಣ್ಣ ಜಗಲಿಯಲ್ಲಿ ಕುಳಿತು ರಬ್ಬರ್ ಮರದ ಹಾಲು ತೆಗೆಯುವ ಕತ್ತಿ ಮಸೆಯುತ್ತಿದ್ದರು. ಅವರ ಹೆಂಡತಿ ಪದ್ಮಾಕ್ಷಿಯಕ್ಕ ನನ್ನನ್ನು ಕಂಡು ಒಳಗೆ ಹೋದರು. ಕುಡಿಯಲು ಬೇಕೇ ಎಂದು ಕೇಳಲಿಲ್ಲ. ನಾನು ಮೆಟ್ಟಿಲಲ್ಲೇ ನಿಂತು, ಯಾಕೆ ಆಣೆ ಬೇಡ ಎಂದಿರಿ ಎಂದು ಕೇಳಿದೆ.

"ಹೇಗೆ ಹಾಕುವುದು ಜಯಣ್ಣ? ನೀವು ಕೊಕ್ಕೆಯನ್ನು ಪಿನ್ನಿಗೆ ಸಿಕ್ಕಿಸಿದ್ದು ನಾನು ಕಂಡಿದ್ದೇನೆ. ಕಂಡು ಗಾಡಿ ಬಿಟ್ಟದ್ದು ನಾನೇ ಅಲ್ವಾ. ಕಾವೇರಕ್ಕ ಆ ಬೆಂಚಿನಲ್ಲಿ ಇದ್ದಿದ್ದರೆ? ನನ್ನ ತಪ್ಪಿಲ್ಲ ಅಂತ ದೈವದ ಹತ್ತಿರ ಹೇಳ್ಲಿಕ್ಕೆ ನನ್ನಿಂದ ಆಗುವುದಿಲ್ಲ."

"ಅಲ್ಲಿಯೇ ಹೇಳಬಹುದಿತ್ತಲ್ಲ ನನಗೆ."

ಅವರು ಕತ್ತಿಯ ಬಾಯನ್ನು ಹೆಬ್ಬೆರಳಿನಿಂದ ಸವರಿ ನೋಡಿದರು.

"ಹೇಳಿದರೆ ನೀವು ಎಂತ ಮಾಡ್ತಿದ್ರಿ?"

ನನಗೆ ಉತ್ತರ ಗೊತ್ತಿತ್ತು. ಮೂವತ್ತು ವರ್ಷ ಗಾಡಿ ಬಿಟ್ಟ ಮಾತ್ರಕ್ಕೆ ನನಗೆ ಕಲಿಸ್ತೀರಾ ಎನ್ನುತ್ತಿದ್ದೆ. ಇದೇ ಮಾತನ್ನು ಹಿಂದೆ ಎಷ್ಟು ಸಲ ಹೇಳಿದ್ದೇನೋ. ಅವರು ವೈರಿಗಿಂತ ನನ್ನ ಬಾಯಿಗೆ ಹೆಚ್ಚು ಹೆದರಿದ್ದರು.

ತಪ್ಪು ನನ್ನದು, ಕ್ಷಮಿಸಿ ಎಂದೆ. ಜೀವಮಾನದಲ್ಲಿ ಆ ಮಾತನ್ನು ಯಾರಿಗೂ ಹೇಳಿದ ನೆನಪಿಲ್ಲ. ಹೇಳಿ ಮುಗಿಸಿದ ಮೇಲೆ ದೊಡ್ಡ ಕೆಲಸ ಮಾಡಿದೆ ಎಂದೂ ಅನಿಸಿತು. ಅಷ್ಟರಲ್ಲಿ ಪದ್ಮಾಕ್ಷಿಯಕ್ಕ ಬಾಗಿಲಿಗೆ ಬಂದರು.

"ಇದು ನಮ್ಮ ಜಗಲಿ. ನೀವು ಬೈದದ್ದು ಇಲ್ಲಿ ಅಲ್ಲ. ಇವರು ಈಗ ಪೇಟೆಗೆ ಹೋಗ್ಲಿಕ್ಕೆ ಸುತ್ತು ಬಳಸಿ ತೋಟದ ದಾರಿಯಲ್ಲಿ ಹೋಗ್ತಾರೆ, ಗೊತ್ತುಂಟಾ ನಿಮಗೆ?"

ಗೊತ್ತಿರಲಿಲ್ಲ. ನಾಳೆ ಎಂಟೂವರೆಯ ಬಸ್ಸಿನ ಹೊತ್ತಿಗೆ ತಂಗುದಾಣಕ್ಕೆ ಬರ್ತೇನೆ, ಅವರನ್ನೂ ಕರೆದುಕೊಂಡು ಬನ್ನಿ ಎಂದು ಹೇಳಿ ಹೊರಟೆ.

ಬೆಳಿಗ್ಗೆ ತಂಗುದಾಣದಲ್ಲಿ ಹದಿನೈದಿಪ್ಪತ್ತು ಜನ ಇದ್ದರು. ಮೊಣಕೈಗೆ ಬ್ಯಾಂಡೇಜು ಸುತ್ತಿದ್ದ ಕಾವೇರಮ್ಮ ಇದ್ದರು, ಕಾಲೇಜಿಗೆ ಹೋಗುವ ಹುಡುಗಿಯರು ಇದ್ದರು, ಭಾವನ ರಿಕ್ಷಾ ಇತ್ತು. ಕೂಸಪ್ಪಣ್ಣ ಪದ್ಮಾಕ್ಷಿಯಕ್ಕನ ಹಿಂದೆ, ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದರು. ಬೈಯುವಾಗ ತಾನಾಗಿ ಏರುವ ನನ್ನ ಸ್ವರ ಅಂದು ಏರಲಿಲ್ಲ. ಜೋರಾಗಿ ಹೇಳಿ, ಕೇಳುವುದಿಲ್ಲ ಎಂದು ರಿಕ್ಷಾದ ಭಾವ ಹೇಳಿದ.

ನಾನು ಪಿನ್ನನ್ನು ಎತ್ತಿ ತೋರಿಸಿದೆ. ವೈರು ಗಾಡಿಯ ಬಳೆಗೆ ಬೀಳಬೇಕಿತ್ತು, ನಾನು ಇದಕ್ಕೆ ಸಿಕ್ಕಿಸಿದೆ, ಇದು ಹಾರಿತು, ವೈರೂ ಇದರ ಸಂಗಡ ಹೋಯಿತು, ಕೂಸಪ್ಪಣ್ಣ ಅದನ್ನು ಮುಟ್ಟಿಲ್ಲ ಎಂದೆ. ಕಾವೇರಮ್ಮ ಪಿನ್ನನ್ನು ನೋಡಿದರು, ನನ್ನನ್ನು ನೋಡಿದರು.

"ಇದು ನಿಮಗೆ ಯಾವಾಗ ಗೊತ್ತಾದದ್ದು?"

ನಿನ್ನೆ ಎನ್ನಬಹುದಿತ್ತು. ಬಾಯಿಯವರೆಗೆ ಬಂತು.

"ಅವತ್ತೇ. ನಿಮಗೆ ನೀರು ಕೊಡ್ತಿದ್ದರಲ್ಲ, ಆವಾಗಲೇ."

ಕಾಲೇಜಿನ ಹುಡುಗಿಯೊಬ್ಬಳು ಮುಖ ತಿರುಗಿಸಿದಳು. ಬಸ್ಸು ಬಂತು, ಅರ್ಧ ಜನ ಹತ್ತಿ ಹೋದರು. ಕೂಸಪ್ಪಣ್ಣ ರಸ್ತೆ ದಾಟಿ ಬಂದು ನನ್ನ ಎದುರು ನಿಂತರು. ಸಮಾಧಾನದ ಮಾತೇನಾದರೂ ಹೇಳಿಯಾರು ಎಂದು ನಾನು ಕಾದೆ.

"ಟ್ರೇಲರಿನ ಎಡದ ಚಕ್ರದ ಬೇರಿಂಗ್ ಹೋಗಿದೆ. ಎರಡು ತಿಂಗಳಾಯ್ತು," ಎಂದರು. ಉಳಿದ ಜನ ಕೇಳುತ್ತಿದ್ದರು. "ಹಿಂದಿನ ಲೈಟಿನ ವಯರಿಂಗ್ ನೀವು ಮಾಡಿದ್ದು ಸರಿ ಇಲ್ಲ. ಜನರೇಟರ್ ಕೂರಿಸಿದ ಬೋಲ್ಟು ಒಂದು ಇಲ್ಲವೇ ಇಲ್ಲ."

ಕೋಪ ಬಂತು. ಸುಳ್ಳು ಯಾಕೆ ಹೇಳಲಿ, ಕಿವಿಯವರೆಗೆ ಬಂತು. ಪಿನ್ನನ್ನು ಗಟ್ಟಿಯಾಗಿ ಹಿಡಿದುಕೊಂಡು, ಇನ್ನೆಂತ ಉಂಟು ಹೇಳಿ ಎಂದೆ. ಅವರು ಹೇಳುತ್ತ ಹೋದರು.